ಮೆಥೋಡಿಸ್ಟ್ ಸಭೆಯ ಆರಾಧನಾ ವರ್ಷ ಮತ್ತು ಜನಸೇವೆ: ಒಂದು ಐತಿಹಾಸಿಕ ಅವಲೋಕನ

ಕ್ರೈಸ್ತ ಧರ್ಮಸಭೆಯ ಆರಾಧನಾ ವರ್ಷವು ಪಂಚಾಂಗದ ದಿನಗಳ ಬರಿಯ ಎಣಿಕೆಯಲ್ಲ. ಆಗಮನ ಕಾಲದಿಂದ ಮೊದಲ್ಗೊಂಡು ಕ್ರಿಸ್ತರಾಜರ ಹಬ್ಬದವರೆಗೆ ರಕ್ಷಣೆಯ ಚರಿತ್ರೆಯನ್ನು ವರ್ಷವರ್ಷವೂ ಧ್ಯಾನಿಸಿ ಬಾಳಿನಲ್ಲಿ ಅಳವಡಿಸಿಕೊಳ್ಳಲು ಅದು ಭಕ್ತಾದಿಗಳಿಗೆ ದಾರಿ ಮಾಡಿಕೊಡುತ್ತದೆ. ನಮ್ಮಿಂದ ಬೇರ್ಪಟ್ಟಿರುವ ಸಹೋದರರ ಸಭೆಗಳಲ್ಲಿ ಈ ಕಾಲಚಕ್ರವು ಹೇಗೆ ಉರುಳಿ ಬಂದಿತೆಂಬುದನ್ನು ಅರಿಯುವುದು ನಮಗೆ ಅನಾವಶ್ಯಕವೇನಲ್ಲ. ಬೇರ್ಪಟ್ಟ ಸಹೋದರರ ಚರಿತ್ರೆಯನ್ನೂ ಆಧ್ಯಾತ್ಮಿಕ ಬಾಳನ್ನೂ ತಿಳಿದುಕೊಳ್ಳಬೇಕೆಂದು ಎರಡನೆಯ ವ್ಯಾಟಿಕನ್ ಮಹಾಸಭೆಯೇ ಕ್ರೈಸ್ತೈಕ್ಯವನ್ನು ಕುರಿತ 1964ರ ಆಜ್ಞಾಪತ್ರದಲ್ಲಿ ನಮಗೆ ಬೋಧಿಸಿದೆ. ಆದುದರಿಂದ ಲಂಡನ್ ನಗರದ ಮೊದಲ ಮೆಥೋಡಿಸ್ಟ್ ಸಭೆಯ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸಲಾಗಿದೆ.

ಈ ಸಭೆಯ ಮೂಲಪುರುಷರಾದ ಜಾನ್ ವೆಸ್ಲಿಯವರು (1703–1791) ಆಂಗ್ಲಿಕನ್ ಗುರುಗಳು. ಕೊನೆಯುಸಿರಿನವರೆಗೂ ಹಾಗೆಯೇ ಉಳಿದವರು. 1729ರ ಸುಮಾರಿಗೆ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಅವರೂ ಅವರ ತಮ್ಮ ಚಾರ್ಲ್ಸ್ ವೆಸ್ಲಿಯವರೂ ಕೆಲವು ಮಿತ್ರರೊಡನೆ ಕೂಡಿ ನಿಯಮಬದ್ಧವಾದ ಭಕ್ತಿಜೀವನವನ್ನು ಕೈಗೊಂಡರು. ಬುಧವಾರ ಮತ್ತು ಶುಕ್ರವಾರಗಳಲ್ಲಿ ಉಪವಾಸ, ವಾರಕ್ಕೊಮ್ಮೆ ಪ್ರಭುಭೋಜನ, ಸೆರೆಮನೆಯ ಕೈದಿಗಳ ಭೇಟಿ, ಇವು ಅವರ ವ್ರತಗಳಾಗಿದ್ದವು. ಇವರ ಈ ಕಟ್ಟುನಿಟ್ಟಾದ ಕ್ರಮವನ್ನು ಕಂಡು ಸಹಪಾಠಿಗಳು ಅಣಕದಿಂದ ಇಟ್ಟ ‘ಮೆಥೋಡಿಸ್ಟ್’ ಎಂಬ ಅಡ್ಡಹೆಸರೇ ಮುಂದೆ ಒಂದು ಮಹಾಸಭೆಯ ಹೆಸರಾಯಿತು. ನಮ್ಮ ತೋಮಸ್ ಕೆಂಪಿಸರ ‘ಕ್ರಿಸ್ತಾನುಕರಣ’ವನ್ನು ವೆಸ್ಲಿಯವರು 1735ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದರೆಂಬುದು ಸ್ಮರಣೀಯ.

1739ರಲ್ಲಿ ಅವರು ಲಂಡನ್ನಿನ ಮೂರ್‌ಫೀಲ್ಡ್ಸ್ ಬಳಿ, ಸ್ಫೋಟವೊಂದರ ನಂತರ ಪಾಳುಬಿದ್ದಿದ್ದ ಫಿರಂಗಿ ಎರಕದ ಮನೆಯೊಂದನ್ನು ಕೊಂಡು ಪ್ರಾರ್ಥನಾಲಯವನ್ನಾಗಿ ಮಾಡಿದರು. ‘ಫೌಂಡ್ರಿ’ ಎಂದೇ ಹೆಸರಾದ ಈ ಮಂದಿರದಲ್ಲಿ ಮೆಥೋಡಿಸ್ಟರಿಗೇ ವಿಶಿಷ್ಟವಾದ ಆರಾಧನಾ ಕಾಲಗಳು ರೂಪುಗೊಂಡವು.

ಅವುಗಳಲ್ಲಿ ಮೊದಲನೆಯದು ಜಾಗರಣೆ. ಬ್ರಿಸ್ಟಲ್ ಸಮೀಪದ ಕಿಂಗ್ಸ್‌ವುಡ್ ಕಲ್ಲಿದ್ದಲ ಗಣಿಯ ಕೂಲಿಗಳು ಹಿಂದೆ ಶನಿವಾರದ ರಾತ್ರಿಗಳನ್ನು ಪಾನಗೃಹಗಳಲ್ಲಿ ಕಳೆಯುತ್ತಿದ್ದರು. ಮನಪರಿವರ್ತನೆ ಹೊಂದಿದ ಮೇಲೆ ಪ್ರಾರ್ಥನೆಯಲ್ಲಿ ರಾತ್ರಿ ಕಳೆಯತೊಡಗಿದರು. ಇದನ್ನು ನಿಲ್ಲಿಸಬೇಕೆಂದು ಕೆಲವರು ಸಲಹೆಯಿತ್ತರೂ, ಆದಿ ಕ್ರೈಸ್ತರ ಜಾಗರಣೆಯನ್ನು ನೆನೆದ ವೆಸ್ಲಿಯವರು ಅದನ್ನೇ ಸಭೆಯ ಪದ್ಧತಿಯನ್ನಾಗಿ ಮಾಡಿದರು. ಲಂಡನ್ನಿನ ಮೊದಲ ಜಾಗರಣೆ 1742ರ ಏಪ್ರಿಲ್ 9ರಂದು ನಡೆಯಿತು. ಹುಣ್ಣಿಮೆಗೆ ಸಮೀಪದ ಶುಕ್ರವಾರವನ್ನೇ ಇದಕ್ಕೆ ಆರಿಸುತ್ತಿದ್ದರು. ನಡುರಾತ್ರಿ ಕಳೆದ ಮೇಲೆ ಬಡಜನರು ಬೆಳದಿಂಗಳಲ್ಲಿ ಮನೆ ಸೇರಲೆಂಬುದೇ ಇದರ ಉದ್ದೇಶ. ಕಾಲಕ್ರಮೇಣ ಇದು ವರ್ಷಾಂತ್ಯದ ರಾತ್ರಿಯ ಆರಾಧನೆಯಾಗಿ ನೆಲೆನಿಂತಿತು. 1862ರ ಡಿಸೆಂಬರ್ 31ರಂದು ಅಮೆರಿಕದ ಕರಿಯ ಕ್ರೈಸ್ತರು ದಾಸ್ಯವಿಮೋಚನೆಯ ಘೋಷಣೆಯನ್ನು ಎದುರುನೋಡುತ್ತ ತಮ್ಮ ದೇವಾಲಯಗಳಲ್ಲಿ ಎಚ್ಚರವಾಗಿದ್ದು ಇಂಥ ಜಾಗರಣೆಯಲ್ಲಿಯೇ.

ಎರಡನೆಯದು ಪ್ರೀತಿಭೋಜನ. ಮೊರೇವಿಯನ್ ಸಭೆಯಿಂದ ಬಂದ ಈ ಪದ್ಧತಿಯಲ್ಲಿ ರೊಟ್ಟಿಯನ್ನೂ ನೀರನ್ನೂ ಹಂಚಿಕೊಂಡು, ದೇವರು ತಮ್ಮ ಬಾಳಿನಲ್ಲಿ ನಡೆಸಿದುದನ್ನು ಸಾಮಾನ್ಯ ಸ್ತ್ರೀಪುರುಷರು ಎದ್ದು ನಿಂತು ಹೇಳುತ್ತಿದ್ದರು. ಬಡವರಿಗಾಗಿ ಕಾಣಿಕೆಯನ್ನೂ ಎತ್ತುತ್ತಿದ್ದರು. ಮೂರನೆಯದು ಒಡಂಬಡಿಕೆಯ ಆರಾಧನೆ. 1755ರ ಆಗಸ್ಟ್ 11ರಂದು ಸ್ಪಿಟಲ್‌ಫೀಲ್ಡ್ಸ್‌ನ ಫ್ರೆಂಚ್ ದೇವಾಲಯದಲ್ಲಿ ಸುಮಾರು 1,800 ಮಂದಿ ಎದ್ದು ನಿಂತು, ತಮ್ಮನ್ನು ಸಂಪೂರ್ಣವಾಗಿ ದೇವರಿಗೆ ಒಪ್ಪಿಸಿಕೊಳ್ಳುವ ಒಡಂಬಡಿಕೆಗೆ ಸಮ್ಮತಿಯಿತ್ತರು. ಮುಂದೆ ಇದು ಹೊಸವರ್ಷದ ಆರಂಭದ ಆರಾಧನೆಯಾಯಿತು. ಪಾಸ್ಕ ಜಾಗರಣೆಯಂದು ದೀಕ್ಷಾಸ್ನಾನದ ವಾಗ್ದಾನವನ್ನು ನವೀಕರಿಸುವ ನಮಗೆ ಇದರ ಅರ್ಥ ಸುಲಭವಾಗಿ ಹೊಳೆಯುತ್ತದೆ.

ಇಲ್ಲಿ ಗಮನಾರ್ಹವಾದುದು ಇಷ್ಟು: ಈ ಆರಾಧನೆಗಳು ಮಂದಿರದ ನಾಲ್ಕು ಗೋಡೆಗಳೊಳಗೆ ಮುಗಿಯುತ್ತಿರಲಿಲ್ಲ. 1742ರಲ್ಲಿ ಬ್ರಿಸ್ಟಲ್ ಮಂದಿರದ ಸಾಲವನ್ನು ತೀರಿಸಲು ಪ್ರತಿಯೊಬ್ಬ ಸದಸ್ಯನೂ ವಾರಕ್ಕೊಂದು ಪೆನ್ನಿಯನ್ನು ಕೊಡಬೇಕೆಂದು ಗೊತ್ತಾಯಿತು. ಹನ್ನೆರಡು ಮಂದಿಯ ಒಂದೊಂದು ಗುಂಪಿಗೆ ಒಬ್ಬ ನಾಯಕ. ಕೊಡಲಾರದ ಬಡವರ ಪಾಲನ್ನು ಅವನೇ ತುಂಬತಕ್ಕದ್ದು. ಹಣಕ್ಕಾಗಿ ಮನೆಮನೆಗೆ ಹೋದ ನಾಯಕರು ಅಲ್ಲಿನ ರೋಗ, ಜಗಳ, ಕುಡಿತ, ಹಸಿವುಗಳನ್ನು ಕಣ್ಣಾರೆ ಕಂಡರು. ಹೀಗೆ ಸಾಲ ತೀರಿಸುವ ಏರ್ಪಾಡೇ ಆತ್ಮಪಾಲನೆಯ ಏರ್ಪಾಡಾಯಿತು. ಹನಿಹನಿ ಕೂಡಿದರೆ ಹಳ್ಳವೆಂಬ ನಮ್ಮ ಗಾದೆ ಹಣಕ್ಕೆ ಮಾತ್ರವಲ್ಲ, ಕರುಣೆಗೂ ಅನ್ವಯಿಸುತ್ತದೆ.

ಲಂಡನ್ ನಗರವನ್ನು 23 ಭಾಗಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಇಬ್ಬರಂತೆ 46 ಮಂದಿಯನ್ನು ರೋಗಿಗಳ ಭೇಟಿಗೆ ನೇಮಿಸಲಾಯಿತು. 1746ರಲ್ಲಿ ಫೌಂಡ್ರಿಯಲ್ಲಿ ಔಷಧಾಲಯ ತೆರೆಯಿತು. ಐದು ತಿಂಗಳಲ್ಲಿ 500ಕ್ಕೂ ಹೆಚ್ಚು ಮಂದಿ ಔಷಧಿ ಪಡೆದರು. ಬಡ್ಡಿಯ ಬಾಯಿಗೆ ಬೀಳುತ್ತಿದ್ದ ಸಣ್ಣ ಕಸುಬುದಾರರಿಗೆ 20 ಷಿಲಿಂಗ್‌ಗಳವರೆಗೆ ಸಾಲ ಕೊಟ್ಟು, ಮೂರು ತಿಂಗಳೊಳಗೆ ಮರಳಿ ಪಡೆಯುವ ನಿಧಿಯೂ ಏರ್ಪಟ್ಟಿತು. ಒಂದೇ ವರ್ಷದಲ್ಲಿ 250 ಮಂದಿಗೆ ಅದು ನೆರವಾಯಿತು. ಅನಾಥ ವಿಧವೆಯರ ಮನೆಯೊಂದನ್ನು ನಡೆಸಲಾಯಿತು. ಅಲ್ಲಿ ವೆಸ್ಲಿಯವರೂ ಇತರ ಬೋಧಕರೂ ಬಡವರೊಡನೆ ಒಂದೇ ಮೇಜಿನಲ್ಲಿ, ಅದೇ ಊಟವನ್ನು ಉಣ್ಣುತ್ತಿದ್ದರು.

1778ರ ನವೆಂಬರ್ 1ರಂದು ಫೌಂಡ್ರಿಯ ಸ್ಥಾನದಲ್ಲಿ ಸಿಟಿ ರೋಡ್‌ನ ಹೊಸ ದೇವಾಲಯವು ಆರಂಭವಾಯಿತು. ಅದು ಸಕಲ ಸಂತರ ಹಬ್ಬದ ದಿನ. ವೆಸ್ಲಿಯವರು ಬಹುವಾಗಿ ಪ್ರೀತಿಸುತ್ತಿದ್ದ ಹಬ್ಬ. ಆದರೂ 1784ರಲ್ಲಿ ಅಮೆರಿಕದ ಮೆಥೋಡಿಸ್ಟರಿಗಾಗಿ ಪ್ರಾರ್ಥನಾ ಗ್ರಂಥವನ್ನು ಸಿದ್ಧಪಡಿಸಿದಾಗ ಅವರು ಸಂತರ ಹಬ್ಬಗಳನ್ನು ಕೈಬಿಟ್ಟರು. ತಪಸ್ಸುಕಾಲವೂ ಆ ಪಟ್ಟಿಯಲ್ಲಿ ಉಳಿಯಲಿಲ್ಲ. ಕಥೋಲಿಕ ದೃಷ್ಟಿಗೆ ಇದು ದೊಡ್ಡ ನಷ್ಟವೇ ಸರಿ. ಕಾಲವು ಆ ನಷ್ಟವನ್ನು ಬಹುಮಟ್ಟಿಗೆ ತುಂಬಿಕೊಟ್ಟಿತು. 1969ರಲ್ಲಿ ರೋಮ್ ಪ್ರಕಟಿಸಿದ ಮೂರು ವರ್ಷಗಳ ವಾಚನಪಟ್ಟಿಯನ್ನು ಆಧಾರವಾಗಿಟ್ಟುಕೊಂಡು ಉತ್ತರ ಅಮೆರಿಕದ ಸಭೆಗಳು 1983ರಲ್ಲಿ ಸಾಮಾನ್ಯ ವಾಚನಪಟ್ಟಿಯನ್ನೂ 1992ರಲ್ಲಿ ಅದರ ಪರಿಷ್ಕೃತ ರೂಪವನ್ನೂ ಹೊರತಂದವು. ಅನೇಕ ಮೆಥೋಡಿಸ್ಟ್ ದೇವಾಲಯಗಳಲ್ಲಿ ಇಂದು ಭಾನುವಾರದ ಶುಭಸಂದೇಶವು ಬಹುಪಾಲು ನಮ್ಮದೇ ಆಗಿರುತ್ತದೆ. ಬೂದಿ ಬುಧವಾರದ ಬೂದಿಯೂ ಅವರ ಹಣೆಗೆ ಮರಳಿದೆ.

ಚರಿತ್ರೆಯ ಕಹಿಯನ್ನೂ ಮರೆಮಾಚಲಾಗದು. 1749ರಲ್ಲಿ ಕಥೋಲಿಕನೊಬ್ಬನಿಗೆ ಬರೆದ ಪತ್ರದ ರೂಪದಲ್ಲಿ ಸೌಹಾರ್ದದ ಮಾತುಗಳನ್ನಾಡಿದ್ದ ವೆಸ್ಲಿಯವರೇ, ಕಥೋಲಿಕರಿಗೆ ಕೊಂಚ ಬಿಡುಗಡೆಯನ್ನಿತ್ತ 1778ರ ಶಾಸನವನ್ನು ವಿರೋಧಿಸುತ್ತಿದ್ದ ಸಂಘವನ್ನು 1780ರ ಜನವರಿಯಲ್ಲಿ ಸಮರ್ಥಿಸಿ ಬರೆದರು. ಅದೇ ವರ್ಷದ ಜೂನ್ ತಿಂಗಳ ದೊಂಬಿಯಲ್ಲಿ ಲಂಡನ್ನಿನ ಕಥೋಲಿಕರ ಪ್ರಾರ್ಥನಾಲಯಗಳು ಬೆಂಕಿಗೆ ಆಹುತಿಯಾದವು. ಇಂಥ ನೆನಪುಗಳ ನಡುವೆಯೂ 1967ರಲ್ಲಿ ಉಭಯ ಸಭೆಗಳ ಅಧಿಕೃತ ಸಂವಾದ ಆರಂಭವಾಯಿತು. ಕಥೋಲಿಕರೂ ಲೂಥರನ್ನರೂ 1999ರಲ್ಲಿ ಮಾಡಿಕೊಂಡ ನೀತೀಕರಣ ಕುರಿತ ಒಪ್ಪಂದಕ್ಕೆ ವಿಶ್ವ ಮೆಥೋಡಿಸ್ಟ್ ಮಂಡಲಿಯು 2006ರಲ್ಲಿ ಸೋಲ್ ನಗರದಲ್ಲಿ ಸಹಿ ಹಾಕಿತು.

ವೆಸ್ಲಿಯವರ ಪರಂಪರೆ ಕನ್ನಡ ನಾಡಿಗೂ ಬಂದಿತು. ಮೈಸೂರು ಸಂಸ್ಥಾನದಲ್ಲಿ ವೆಸ್ಲಿಯನ್ ಮಿಷನ್ನಿನವರು ಶಾಲೆಗಳನ್ನೂ ಮುದ್ರಣಾಲಯವನ್ನೂ ನಡೆಸಿದರು. 1906ರಲ್ಲಿ ಮೈಸೂರಿನಲ್ಲಿ ಆರಂಭವಾದ, ಜನರ ಬಾಯಲ್ಲಿ ‘ಮಿಷನ್ ಆಸ್ಪತ್ರೆ’ ಎನಿಸಿದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯೂ ಅವರದೇ. 1947ರಲ್ಲಿ ಈ ಸಭೆಯು ದಕ್ಷಿಣ ಭಾರತ ಸಭೆಯಲ್ಲಿ ಐಕ್ಯವಾಯಿತು.

ಈ ಚರಿತ್ರೆಯ ಸಾರವೆಲ್ಲ 1785ರ ಒಂದು ಘಟನೆಯಲ್ಲಿ ಅಡಕವಾಗಿದೆ. ಹೊಸವರ್ಷದ ಆ ಚಳಿಗಾಲದಲ್ಲಿ ಬಡವರಿಗೆ ಕಲ್ಲಿದ್ದಲನ್ನೂ ರೊಟ್ಟಿಯನ್ನೂ ಹಂಚುವುದು ಲಂಡನ್ ಸಭೆಯ ವಾಡಿಕೆ. ಆ ವರ್ಷ ಅವರಿಗೆ ಬಟ್ಟೆಯೂ ಇಲ್ಲವೆಂಬುದನ್ನು ಕಂಡ ವೆಸ್ಲಿಯವರು, ತಮ್ಮ 81ನೆಯ ವಯಸ್ಸಿನಲ್ಲಿ, ಜನವರಿ 4ರಿಂದ ಐದು ದಿನ ಕರಗುತ್ತಿದ್ದ ಹಿಮದಲ್ಲಿ ಕಾಲಿಟ್ಟು ಬೀದಿಬೀದಿ ತಿರುಗಿ 200 ಪೌಂಡುಗಳನ್ನು ಬೇಡಿ ತಂದರು. ಹಬ್ಬಗಳ ಪಟ್ಟಿಯನ್ನು ಮೊಟಕುಗೊಳಿಸಿದವರು ಹಬ್ಬದ ಕಾಲದಲ್ಲಿ ಬಡವರ ಪಾಲನ್ನು ಮೊಟಕುಗೊಳಿಸಲಿಲ್ಲ. ಹಬ್ಬಗಳ ಪೂರ್ಣ ಪಟ್ಟಿಯನ್ನು ಪೂರ್ವಿಕರಿಂದ ಪಡೆದಿರುವ ನಾವು, ಒಂದೊಂದು ಹಬ್ಬ ಮುಗಿದಾಗಲೂ ನಮ್ಮ ನೆರೆಯ ಬಡವನ ಮನೆಗೆ ಅದರಿಂದ ಏನು ತಲುಪಿತೆಂದು ಕೇಳಿಕೊಳ್ಳುವುದು ಯೋಗ್ಯವಾಗಿದೆ.