ಹೋಸ್ಟ್‌ನೇಮ್ ಅಲಿಯಾಸ್

ಜಾಲದಲ್ಲಿರುವ ಕಂಪ್ಯೂಟರಿಗೆ ಅದರ ಮೂಲ ಹೆಸರಿನ ಜೊತೆಗೆ ಕೊಡುವ ಮತ್ತೊಂದು ಹೆಸರು. ಹಳೆಯ ಸರ್ವರ್ ತೆಗೆದು ಹೊಸದನ್ನು ಹಾಕುವಾಗ, ಹಳೆಯ ಹೆಸರನ್ನು ನೆಚ್ಚಿಕೊಂಡ ಸ್ಕ್ರಿಪ್ಟುಗಳನ್ನು ತಿದ್ದದೆಯೇ ಹೊಸ ಯಂತ್ರದತ್ತ ತಿರುಗಿಸಲು ಇದು ನೆರವಾಗುತ್ತದೆ. ಬ್ಯಾಕಪ್, ಫೈಲ್ ವರ್ಗಾವಣೆಯಂಥ ಕೆಲಸಗಳ ಸ್ಕ್ರಿಪ್ಟುಗಳಲ್ಲಿ ಸರ್ವರಿನ ಹೆಸರು ಹಲವೆಡೆ ಹರಡಿರುತ್ತದೆ. ಒಂದನ್ನು ತಿದ್ದಲು ಮರೆತರೂ ಆ ಕೆಲಸ ನಿಲ್ಲುತ್ತದೆ.

ಹಿನ್ನೆಲೆ: ಇಂಟರ್ನೆಟ್ಟಿನ ಪೂರ್ವರೂಪವಾದ ಅರ್ಪಾನೆಟ್ ಕಾಲದಲ್ಲಿ ಕಂಪ್ಯೂಟರುಗಳ ಹೆಸರು, ವಿಳಾಸಗಳೆಲ್ಲ ಒಂದೇ ಫೈಲಿನಲ್ಲಿದ್ದವು. ಕ್ಯಾಲಿಫೋರ್ನಿಯಾದ ಎಸ್‌ಆರ್‌ಐ ಸಂಸ್ಥೆಯ ಮಾಹಿತಿ ಕೇಂದ್ರ ಅದನ್ನು ನಿರ್ವಹಿಸುತ್ತಿತ್ತು. ಜಾಲ ಬೆಳೆದಂತೆ ಈ ಏರ್ಪಾಡು ಸಾಲದಾಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್, ಹೆಸರುಗಳಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ವ್ಯವಸ್ಥೆಯ ವಿನ್ಯಾಸವನ್ನು ಪ್ರಕಟಿಸಿದರು. ಇಂದಿಗೂ ಅದಕ್ಕೆ ಆಧಾರವಾಗಿರುವ ಆರ್‌ಎಫ್‌ಸಿ 1034 ಮತ್ತು 1035 ಎಂಬ ಮಾನದಂಡ ದಸ್ತಾವೇಜುಗಳು ಬಂದದ್ದು 1987ರಲ್ಲಿ.

ವಿಧಾನ: ಅಲಿಯಾಸ್ ಕೊಡಲು ಮುಖ್ಯವಾಗಿ ಎರಡು ದಾರಿಗಳಿವೆ. ಯಂತ್ರದಲ್ಲೇ ಇರುವ ಹೋಸ್ಟ್ಸ್ ಫೈಲಿನಲ್ಲಿ ಒಂದು ಸಾಲು ಸೇರಿಸಿದರೆ ಬದಲಾವಣೆ ಆ ಒಂದು ಯಂತ್ರಕ್ಕಷ್ಟೇ ಅನ್ವಯಿಸುತ್ತದೆ. ಪರೀಕ್ಷೆಗೆ ಇದು ತಕ್ಕುದು. ಡಿಎನ್‌ಎಸ್‌ನಲ್ಲಿ, ಒಂದು ಹೆಸರನ್ನು ಇನ್ನೊಂದು ಹೆಸರಿನತ್ತ ತೋರಿಸುವ ಸಿನೇಮ್ ದಾಖಲೆ ಹಾಕಿದರೆ ಆ ಡಿಎನ್‌ಎಸ್ ಬಳಸುವ ಎಲ್ಲ ಯಂತ್ರಗಳಿಗೂ ಅನ್ವಯಿಸುತ್ತದೆ. ಒಂದು ಹೆಸರಿಗೆ ಸಿನೇಮ್ ಇದ್ದಾಗ ಅದೇ ಹೆಸರಿಗೆ ವಿಳಾಸದ ದಾಖಲೆ ಇರಕೂಡದು. ಆದ್ದರಿಂದ ಹಳೆಯ ಸರ್ವರಿನ ವಿಳಾಸ ದಾಖಲೆಯನ್ನು ಅಳಿಸಿಯೇ ಅದರ ಹೆಸರನ್ನು ಅಲಿಯಾಸ್ ಮಾಡಬೇಕು. ಡಿಎನ್‌ಎಸ್ ಕೊಟ್ಟ ಹಳೆಯ ಉತ್ತರ ಎಷ್ಟು ಹೊತ್ತು ನೆನಪಿನಲ್ಲಿ ಉಳಿಯಬಹುದು ಎಂಬುದನ್ನು ದಾಖಲೆಯ ಟಿಟಿಎಲ್ ಎಂಬ ಅವಧಿ ನಿರ್ಧರಿಸುತ್ತದೆ. ಅದು 86,400 ಸೆಕೆಂಡ್, ಅಂದರೆ ಒಂದು ದಿನ ಇದ್ದರೆ, ಸ್ಥಳಾಂತರಕ್ಕೆ ಒಂದು ದಿನಕ್ಕಿಂತ ಮೊದಲೇ 300 ಸೆಕೆಂಡಿಗೆ ಇಳಿಸಿಡುವುದು ಕ್ಷೇಮ.

ಮಿತಿಗಳು: ಅಲಿಯಾಸ್ ದಾರಿಯನ್ನು ಬದಲಿಸುತ್ತದೆಯೇ ಹೊರತು ಗುರುತನ್ನಲ್ಲ. ಹೊಸ ಸರ್ವರಿನ ಟಿಎಲ್‌ಎಸ್ ಪ್ರಮಾಣಪತ್ರದಲ್ಲಿ ಹಳೆಯ ಹೆಸರೂ ಇರಬೇಕು. ಎಸ್‌ಎಸ್‌ಎಚ್ ಬಳಸುವ ಸ್ಕ್ರಿಪ್ಟು, ಅದೇ ಹೆಸರಿನಲ್ಲಿ ಸರ್ವರಿನ ಬೇರೆ ಕೀ ಕಂಡರೆ ಸಂಪರ್ಕ ನಿರಾಕರಿಸಬಹುದು. ವಿಂಡೋಸ್ ಜಾಲದಲ್ಲಿ ಕೆರ್ಬೆರಾಸ್ ದೃಢೀಕರಣಕ್ಕೆ ಅಲಿಯಾಸ್ ಹೆಸರನ್ನೂ ನೋಂದಾಯಿಸಬೇಕಾಗುತ್ತದೆ. ಐಪಿ ವಿಳಾಸವನ್ನೇ ನೇರವಾಗಿ ಬರೆದ ಸ್ಕ್ರಿಪ್ಟಿಗೆ ಅಲಿಯಾಸಿನಿಂದ ಪ್ರಯೋಜನವಿಲ್ಲ. ಮೇಲ್ ಸರ್ವರನ್ನು ಸೂಚಿಸುವ ಎಂಎಕ್ಸ್ ದಾಖಲೆ ಅಲಿಯಾಸನ್ನು ತೋರಿಸಬಾರದೆಂದು 1997ರ ಆರ್‌ಎಫ್‌ಸಿ 2181 ಸ್ಪಷ್ಟಪಡಿಸಿದೆ.

ಯಂತ್ರದ ಸ್ವಂತ ಹೆಸರಿನ ಬದಲು ‘ಬ್ಯಾಕಪ್’, ‘ಡೇಟಾಬೇಸ್’ ಎಂಬಂತೆ ಕೆಲಸವನ್ನು ಸೂಚಿಸುವ ಅಲಿಯಾಸನ್ನು ಮೊದಲಿನಿಂದಲೇ ಸ್ಕ್ರಿಪ್ಟುಗಳಲ್ಲಿ ಬಳಸುವುದು ಉತ್ತಮ ಪದ್ಧತಿ. ಆಗ ಸರ್ವರ್ ಎಷ್ಟು ಬಾರಿ ಬದಲಾದರೂ ಸ್ಕ್ರಿಪ್ಟುಗಳನ್ನು ಮುಟ್ಟದೆ ಡಿಎನ್‌ಎಸ್‌ನ ಒಂದು ದಾಖಲೆಯನ್ನಷ್ಟೇ ತಿದ್ದಿದರಾಯಿತು.