ಬೆಳಗು ಗೊತ್ತಿಲ್ಲದ ಮಕ್ಕಳು

ಭಾಗ 1

ನಮ್ಮಕ್ಕನ ಮಗುಗೆ ಒಂದೂವರೆ ತಿಂಗಳು. ಹಗಲೆಲ್ಲ ನಿದ್ದೆ, ರಾತ್ರಿ ಎರಡು ಗಂಟೆಗೆ ಎದ್ದು ಆಟ. ಮನೆಯವರೆಲ್ಲ ಕೆಂಗಣ್ಣು ಬಿಟ್ಕೊಂಡು ಓಡಾಡ್ತಿದ್ರೆ ಅಜ್ಜಿ ಮಾತ್ರ ತಲೆ ಕೆಡಿಸಿಕೊಳ್ಳಲಿಲ್ಲ. "ಅದಕ್ಕಿನ್ನೂ ಹಗಲು ರಾತ್ರಿ ಗೊತ್ತಾಗಿಲ್ಲ ಕಣೋ, ಮೂರು ತಿಂಗಳಾಗ್ಲಿ ಬಿಡು" ಅಂದ್ರು.

ಅದೇ ವಾರ ನನ್ನ ಫೀಡ್ ತುಂಬ ಕಾರ್ಟಿಸಾಲ್ ರೀಲ್ಸ್. ಕಾರ್ಟಿಸಾಲ್‌ನಿಂದ ಮುಖ ಊದುತ್ತೆ, ಕಾರ್ಟಿಸಾಲ್ ಇಳಿಸೋಕೆ ಈ ಜ್ಯೂಸ್ ಕುಡೀರಿ, ಕಾರ್ಟಿಸಾಲ್ ಅಂದ್ರೆ ಮೈಯೊಳಗೆ ಸೇರಿಕೊಂಡ ವಿಷ ಅನ್ನೋ ಥರ. ಯಾಕೋ ಅನುಮಾನ ಬಂದು ಓದೋಕೆ ಶುರು ಮಾಡಿದೆ. ಓದ್ತಾ ಓದ್ತಾ ರೊಮೇನಿಯಾ ದೇಶಕ್ಕೆ ಹೋಗಿ ಮುಟ್ಟಿದೆ. ಅಜ್ಜಿ ಹೇಳಿದ ಮಾತಿಗೂ ಆ ದೇಶದಲ್ಲಿ ನಡೆದದ್ದಕ್ಕೂ ಸಂಬಂಧ ಇದೆ ಅಂತ ಗೊತ್ತಾದಾಗ ಎರಡು ದಿನ ಬೇರೇನೂ ಓದೋಕಾಗಲಿಲ್ಲ (ಕಾಸ್ಟಿಂಗ್ ಇಂಟರ್ನಲ್ಸ್ ಇತ್ತು, ಅದೂ ಆಗಲಿಲ್ಲ).

ಬಿಕಾಂ ಹುಡುಗನಿಗೆ ಹಾರ್ಮೋನ್ ಯಾಕೆ ಅಂತ ಕೇಳಬೇಡಿ. ಈ ಕಥೆಯಲ್ಲಿ ಒಂದು ದೇಶದ ಸಾಲದ ಲೆಕ್ಕವೂ ಬರುತ್ತೆ.

ಭಾಗ 2

ಮೊದಲು ಕಾರ್ಟಿಸಾಲ್ ಮೇಲಿರೋ ಅಪವಾದ ತೆಗೆಯೋಣ.

ಎರಡೂ ಮೂತ್ರಪಿಂಡಗಳ ಮೇಲೆ ಟೋಪಿ ಇಟ್ಟ ಹಾಗೆ ಒಂದೊಂದು ಅಡ್ರಿನಲ್ ಗ್ರಂಥಿ ಇದೆ. ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಎಡ್ವರ್ಡ್ ಕೆಂಡಲ್, ಸ್ವಿಟ್ಜರ್‌ಲ್ಯಾಂಡ್‌ನಲ್ಲಿ ಟಾಡಿಯಸ್ ರೈಖ್‌ಸ್ಟೈನ್ 1930ರ ದಶಕದಲ್ಲಿ ಈ ಗ್ರಂಥಿಯ ರಸದಿಂದ ಒಂದೊಂದೇ ವಸ್ತು ಬೇರ್ಪಡಿಸಿದರು. 1948ರಲ್ಲಿ ಕೆಂಡಲ್ ಜೊತೆಯ ಡಾಕ್ಟರ್ ಫಿಲಿಪ್ ಹೆಂಚ್ ಅದರಲ್ಲಿ ಒಂದನ್ನು, ಅಂದರೆ ಕಾರ್ಟಿಸೋನನ್ನು, ಕೀಲುವಾತದಿಂದ ನರಳುತ್ತಿದ್ದ ಒಬ್ಬ ಹೆಂಗಸಿಗೆ ಕೊಟ್ಟರು. ಕೆಲವೇ ದಿನದಲ್ಲಿ ಆಕೆ ಎದ್ದು ಓಡಾಡಿದರು. ಮೂವರಿಗೂ 1950ರ ನೊಬೆಲ್ ಬಂತು. ಕಾರ್ಟಿಸಾಲ್ ಈ ಕಾರ್ಟಿಸೋನಿನ ಒಡಹುಟ್ಟು. ವಿಷ ಅನ್ನೋದನ್ನ ಇಲ್ಲಿಗೇ ಬಿಟ್ಟುಬಿಡಿ. ಅದಿಲ್ಲದೆ ಮನುಷ್ಯ ಬದುಕೋದೇ ಕಷ್ಟ.

ಹೆದರಿದಾಗ ಮಾತ್ರ ಬರೋ ಹಾರ್ಮೋನ್ ಅನ್ನೋದೂ ತಪ್ಪು. 1943ರಲ್ಲೇ ಗ್ರೆಗರಿ ಪಿಂಕಸ್ ಅನ್ನೋ ವಿಜ್ಞಾನಿ ಯುವಕರ ಮೂತ್ರ ಪರೀಕ್ಷೆ ಮಾಡಿ, ಅದರಲ್ಲಿರೋ ಸ್ಟೀರಾಯ್ಡ್ ಹಾರ್ಮೋನುಗಳ ಅವಶೇಷ ಹಗಲು ಹೆಚ್ಚು, ರಾತ್ರಿ ಕಮ್ಮಿ ಅಂತ ತೋರಿಸಿದ್ದ. (ಈ ಪಿಂಕಸ್ ಹೆಸರು ನೆನಪಿಟ್ಟುಕೊಳ್ಳಿ, ಮುಂದಿನ ಭಾಗದಲ್ಲಿ ಬೇಕು.) 1972ರಲ್ಲಿ ಮೂರ್ ಮತ್ತು ಐಕ್ಲರ್ ಅನ್ನೋ ಇಬ್ಬರು ಇಲಿಯ ಮಿದುಳಿನಲ್ಲಿ ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಮೇಲಿರೋ ಪುಟಾಣಿ ನರಕೋಶದ ಗುಂಪನ್ನು ನಾಶ ಮಾಡಿ ನೋಡಿದರು. ಇಲಿಯ ಒತ್ತಡದ ಹಾರ್ಮೋನಿನ ದಿನದ ಏರಿಳಿತವೇ ನಿಂತುಹೋಯಿತು. ನಮ್ಮ ಮೈಯ ಮುಖ್ಯ ಗಡಿಯಾರ ಎಲ್ಲಿದೆ ಅಂತ ಗೊತ್ತಾದ ಪ್ರಯೋಗಗಳಲ್ಲಿ ಇದೂ ಒಂದು.

ಎರಡನೇ ಸ್ಲೈಡ್‌ನಲ್ಲಿರೋ ಗೆರೆ ನಾನೇ ಅಕೌಂಟ್ಸ್ ನೋಟ್‌ಬುಕ್ಕಿನಲ್ಲಿ ಎಳೆದದ್ದು, ಸೊಟ್ಟಗಿದೆ ಕ್ಷಮಿಸಿ. ಎದ್ದ ಅರ್ಧ ಮುಕ್ಕಾಲು ಗಂಟೆಯಲ್ಲಿ ಕಾರ್ಟಿಸಾಲ್ ತುದಿಗೇರುತ್ತೆ. ಆಮೇಲೆ ಬೆಟ್ಟ ಇಳಿದ ಹಾಗೆ ಇಳೀತಾ ಹೋಗಿ ನಡುರಾತ್ರಿ ಹೊತ್ತಿಗೆ ತಳ ಮುಟ್ಟುತ್ತೆ. ಬೆಳಗಿನ ಏರು ಅಂದರೆ "ಏಳು, ಕೆಲಸ ಇದೆ". ರಾತ್ರಿಯ ಇಳಿಮುಖ ಅಂದರೆ "ಸಾಕು, ರಿಪೇರಿ ಮಾಡ್ಕೋ". ಲಂಡನ್ನಿನ ಸರ್ಕಾರಿ ನೌಕರರ ಮೇಲೆ ನಡೆದ ವೈಟ್‌ಹಾಲ್ ಅಧ್ಯಯನದಲ್ಲಿ 4047 ಜನರ ಜೊಲ್ಲು ಪರೀಕ್ಷೆ ಮಾಡಿದ್ದರು. ಯಾರ ಗೆರೆ ಇಳಿಯದೆ ಚಪ್ಪಟೆಯಾಗಿತ್ತೋ ಅವರಲ್ಲಿ ಹೃದಯದ ಕಾಯಿಲೆಯಿಂದ ಸಾವು ಹೆಚ್ಚಿತ್ತು ಅಂತ 2011ರಲ್ಲಿ ಪ್ರಕಟಿಸಿದರು. ಅಂದರೆ ಎಷ್ಟಿದೆ ಅನ್ನೋದಕ್ಕಿಂತ ಯಾವಾಗ ಎಷ್ಟಿದೆ ಅನ್ನೋದು ಮುಖ್ಯ.

ಹುಟ್ಟಿದ ಮಗುವಿಗೆ ಈ ಬೆಟ್ಟ ಇರಲ್ಲ. ಮೊದಲ ಕೆಲವು ತಿಂಗಳಲ್ಲಿ ನಿಧಾನಕ್ಕೆ ಮೂಡುತ್ತೆ. ಮಧ್ಯಾಹ್ನದ ನಿದ್ದೆ ಬಿಡೋ ವಯಸ್ಸಿನವರೆಗೂ ಅದು ಗಟ್ಟಿಯಾಗ್ತಾ ಇರುತ್ತೆ. ಅಜ್ಜಿ ಹೇಳಿದ್ದು ಸುಮಾರಾಗಿ ಸರಿ.

ಆದ್ರೆ ಅದು ತಾನಾಗೇ ಮೂಡುತ್ತಾ?

ಭಾಗ 3

1966. ರೊಮೇನಿಯಾದ ಕಮ್ಯುನಿಸ್ಟ್ ನಾಯಕ ನಿಕೊಲಾಯ್ ಚೌಶೆಸ್ಕು ಡಿಕ್ರಿ 770 ಅನ್ನೋ ಕಾನೂನು ತಂದ. ದೇಶ ಬೆಳೀಬೇಕು, ಕಾರ್ಖಾನೆಗೆ ಕೈಗಳು ಬೇಕು, ಜನಸಂಖ್ಯೆ ಹೆಚ್ಚಬೇಕು. ಹಾಗಾಗಿ ಗರ್ಭಪಾತಕ್ಕೆ ನಿಷೇಧ. ವಯಸ್ಸು ಮೀರಿದವರಿಗೆ, ಆಗಲೇ ನಾಲ್ಕು ಹೆತ್ತವರಿಗೆ, ಇಂಥ ಕೆಲವೇ ಜನಕ್ಕೆ ವಿನಾಯಿತಿ. ಗರ್ಭನಿರೋಧಕಗಳು ಅಂಗಡಿಯಿಂದ ಮಾಯ. ಮಕ್ಕಳಿಲ್ಲದವರ ಮೇಲೆ ತೆರಿಗೆ! ಇನ್ಕಮ್ ಟ್ಯಾಕ್ಸ್ ಪೇಪರಿನಲ್ಲಿ ನಾವು ಎಷ್ಟೋ ಥರದ ತೆರಿಗೆ ಓದ್ತೀವಿ, ಇಂಥದ್ದು ಓದಿರಲಿಲ್ಲ.

ಒಂದೇ ವರ್ಷದಲ್ಲಿ ಜನನ ಪ್ರಮಾಣ ಹೆಚ್ಚೂಕಮ್ಮಿ ಎರಡರಷ್ಟಾಯಿತು. 1966ರಲ್ಲಿ ಸಾವಿರ ಜನಕ್ಕೆ 14ರ ಆಸುಪಾಸು ಇದ್ದದ್ದು 1967ರಲ್ಲಿ 27.

ಈಗ ಪಿಂಕಸ್ ನೆನಪು ಮಾಡ್ಕೊಳ್ಳಿ. ಹಾರ್ಮೋನಿನ ಹಗಲು ರಾತ್ರಿ ಗುರುತಿಸಿದ ಅದೇ ಮನುಷ್ಯ ಮುಂದೆ ಗರ್ಭನಿರೋಧಕ ಮಾತ್ರೆ ಕಂಡುಹಿಡಿದವರಲ್ಲಿ ಒಬ್ಬ. ಆ ಮಾತ್ರೆ ಸಿಗದಿದ್ದ ದೇಶದ ಮಕ್ಕಳಲ್ಲೇ, ಅವನು ಗುರುತಿಸಿದಂಥ ಏರಿಳಿತ ಅಳಿಸಿಹೋಗಿದ್ದು ಕಂಡದ್ದು. ಇದನ್ನ ಓದಿದಾಗ ನನಗೆ ಸ್ವಲ್ಪ ಹೊತ್ತು ಏನೂ ತೋಚಲಿಲ್ಲ.

ಇನ್ನು ಸಾಲದ ವಿಷಯ. 1980ರ ದಶಕದ ಶುರುವಿಗೆ ರೊಮೇನಿಯಾದ ವಿದೇಶಿ ಸಾಲ ಸುಮಾರು 1000 ಕೋಟಿ ಡಾಲರ್. ಪೂರ್ತಿ ತೀರಿಸಿಯೇ ಬಿಡ್ತೀನಿ ಅಂತ ಚೌಶೆಸ್ಕು ಹಟ ಹಿಡಿದ. ಬೆಳೆದ ಆಹಾರ ಎಲ್ಲ ರಫ್ತು. ಊರಲ್ಲಿ ಬ್ರೆಡ್ಡಿಗೆ ರೇಷನ್, ಚಳಿಗಾಲದಲ್ಲಿ ಮನೆ ಬಿಸಿ ಮಾಡೋಕೆ ಇಂಧನ ಇಲ್ಲ, ಕರೆಂಟ್ ಇಲ್ಲ. 1989ರ ಏಪ್ರಿಲ್‌ನಲ್ಲಿ ಸಾಲ ತೀರಿತು ಅಂತ ಘೋಷಣೆ ಆಯ್ತು. ಬ್ಯಾಲೆನ್ಸ್ ಶೀಟ್ ಮಾತ್ರ ನೋಡಿದರೆ ಚಪ್ಪಾಳೆ ತಟ್ಟಬೇಕು. ಸಾಲದ ಕಾಲಮ್ ಸೊನ್ನೆ. ಆದ್ರೆ ಹೆತ್ತವರ ಹತ್ತಿರ ಸಾಕೋಕೆ ಏನೂ ಇರಲಿಲ್ಲ. ಮಕ್ಕಳನ್ನ ಸರ್ಕಾರವೇ ಚೆನ್ನಾಗಿ ಬೆಳೆಸುತ್ತೆ ಅಂತ ಅಧಿಕಾರಿಗಳೂ ಹೇಳ್ತಿದ್ದರು. ಜನ ಮಕ್ಕಳನ್ನ ಸರ್ಕಾರಿ ಕಟ್ಟಡಗಳಲ್ಲಿ ಬಿಟ್ಟು ಬಂದರು. ನಾವು ಅನಾಥಾಲಯ ಅಂತೀವಿ, ಆದರೆ ಅಲ್ಲಿದ್ದ ಹೆಚ್ಚಿನ ಮಕ್ಕಳಿಗೆ ಅಪ್ಪ ಅಮ್ಮ ಬದುಕಿದ್ದರು.

1989ರ ಡಿಸೆಂಬರ್ 25ಕ್ಕೆ ಚೌಶೆಸ್ಕುವನ್ನ ಗುಂಡಿಟ್ಟು ಕೊಂದರು. ಆಮೇಲೆ ಹೊರಗಿನ ಪತ್ರಕರ್ತರು ಆ ಕಟ್ಟಡಗಳ ಬಾಗಿಲು ತೆಗೆಸಿದರು. ಒಳಗಿದ್ದದ್ದು ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳು.

ಭಾಗ 4

ಮೂರು ವರ್ಷದೊಳಗಿನ ಮಕ್ಕಳನ್ನ ಇಡ್ತಿದ್ದ ಸಂಸ್ಥೆಗೆ ಅಲ್ಲಿ 'ಲೆಯಾಗನ್' ಅಂತ ಹೆಸರು. ರೊಮೇನಿಯನ್ ಭಾಷೆಯಲ್ಲಿ ಆ ಪದಕ್ಕೆ ಅರ್ಥ ತೊಟ್ಟಿಲು.

ಆ ತೊಟ್ಟಿಲನ್ನ ತೂಗೋರು ಇರಲಿಲ್ಲ. ಒಬ್ಬ ಆಯಾಗೆ ಹನ್ನೆರಡು ಹದಿನೈದು ಮಕ್ಕಳು, ಕೆಲವು ಕಡೆ ಇನ್ನೂ ಹೆಚ್ಚು. ಪಾಳಿ ಬದಲಾದ ಹಾಗೆ ಆಯಾ ಬದಲು. ಎಲ್ಲರಿಗೂ ಒಂದೇ ಹೊತ್ತಿಗೆ ಊಟ, ಒಂದೇ ಹೊತ್ತಿಗೆ ಬಟ್ಟೆ ಬದಲಾವಣೆ, ಉಳಿದ ಹೊತ್ತು ಕಂಬಿಯ ಮಂಚದಲ್ಲಿ ಚಾವಣಿ ನೋಡ್ತಾ ಮಲಗೋದು. ಗಮನಿಸಿ, ಟೈಮ್‌ಟೇಬಲ್ ಇತ್ತು. ಗಡಿಯಾರದ ಪ್ರಕಾರ ಎಲ್ಲ ಪಕ್ಕಾ. ಒಳಗೆ ಹೋದವರಿಗೆ ವಿಚಿತ್ರ ಅನ್ನಿಸಿದ್ದು ಅಲ್ಲಿನ ಮೌನ. ಅಷ್ಟೊಂದು ಕೂಸುಗಳಿದ್ದ ಕೋಣೆಯಲ್ಲಿ ಅಳುವೇ ಇಲ್ಲ. ಅತ್ತರೆ ಯಾರೂ ಬರಲ್ಲ ಅಂತ ಗೊತ್ತಾದ ಮೇಲೆ ಮಗು ಯಾಕೆ ಅಳುತ್ತೆ?

ನಮ್ಮನೆಯಲ್ಲಿ ರಾತ್ರಿ ಎರಡಕ್ಕೆ ಮಗು ಕಿರುಚಿದಾಗ ನಾನು ದಿಂಬಿನಡಿ ತಲೆ ತೂರಿಸ್ತೀನಿ. ಇದನ್ನ ಓದಿದ ರಾತ್ರಿ ಆ ಕಿರುಚಾಟ ಕೇಳಿ ಸಮಾಧಾನ ಆಯ್ತು ಅಂದ್ರೆ ನಂಬ್ತೀರಾ?

ಭಾಗ 5

ಕಾರ್ಟಿಸಾಲ್ ಅಳೆಯೋಕೆ ರಕ್ತ ಬೇಕಿಲ್ಲ, ಜೊಲ್ಲು ಸಾಕು. ಹಾಗಾಗಿ ಪುಟ್ಟ ಮಕ್ಕಳಲ್ಲೂ ದಿನಕ್ಕೆ ಮೂರ್ನಾಲ್ಕು ಸಲ ಅಳೀಬಹುದು.

1990ರ ದಶಕದಲ್ಲಿ ಹಾರ್ವರ್ಡ್‌ನ ಮೇರಿ ಕಾರ್ಲ್‌ಸನ್ ಮತ್ತು ಫೆಲ್ಟನ್ ಅರ್ಲ್ಸ್ ರೊಮೇನಿಯಾದ ಯಾಶ್ ನಗರಕ್ಕೆ ಹೋಗಿ ಲೆಯಾಗನ್‌ನ ಎರಡು ವರ್ಷದ ಆಸುಪಾಸಿನ ಮಕ್ಕಳ ಜೊಲ್ಲು ಸಂಗ್ರಹಿಸಿದರು. ಮನೆಯಲ್ಲಿ ಬೆಳೀತಿದ್ದ ಮಕ್ಕಳ ಜೊತೆ ಹೋಲಿಸಿ 1997ರಲ್ಲಿ ಪ್ರಕಟಿಸಿದರು. ಮನೆ ಮಕ್ಕಳಲ್ಲಿ ಬೆಳಗ್ಗೆ ಎತ್ತರ, ಸಂಜೆ ತಗ್ಗು. ಲೆಯಾಗನ್ ಮಕ್ಕಳಲ್ಲಿ ಬೆಳಗಿನ ಆ ಏರೇ ಇಲ್ಲ. ದಿನದ ಬೆಟ್ಟ ಬಯಲಾಗಿತ್ತು.

ನನ್ನ ತಲೆಯಲ್ಲಿ ಕೂತದ್ದು ಇದು. ಆ ಮಕ್ಕಳಿಗೂ ಸೂರ್ಯ ಹುಟ್ಟುತ್ತಿದ್ದ. ಮಿದುಳಿನ ಗಡಿಯಾರ ಇತ್ತು. ಊಟದ ಹೊತ್ತು, ನಿದ್ದೆಯ ಹೊತ್ತು ಎಲ್ಲ ನಿಗದಿ. ಆದರೂ ಮೈಗೆ ಬೆಳಗಾಗಲಿಲ್ಲ. ಇರದಿದ್ದದ್ದು ಒಂದೇ: ಎತ್ತಿಕೊಳ್ಳೋಕೆ ದಿನಾ ಬರೋ ಅದೇ ಮುಖ. ಚಿಕ್ಕ ಮಗು ಹೆದರಿದರೆ ತನ್ನನ್ನ ತಾನು ಸಮಾಧಾನ ಮಾಡ್ಕೊಳ್ಳೋಕೆ ಬರಲ್ಲ, ಯಾರಾದ್ರೂ ಎತ್ತಿಕೊಂಡು ಬೆನ್ನು ಸವರಬೇಕು. ಮೈ ಆ ಏರಿಳಿತ ಕಲಿಯೋದು ಹೀಗೆ ಸಾವಿರಾರು ಸಲ ಎತ್ತಿಕೊಂಡಿದ್ದರಿಂದ ಅಂತ ಈ ಕ್ಷೇತ್ರದವರು ಅರ್ಥ ಮಾಡಿಕೊಳ್ತಾರೆ.

ಮಕ್ಕಳನ್ನ ಅಲ್ಲಿಂದ ಕರ್ಕೊಂಡು ಹೋದ್ರೆ ಸರಿಹೋಗುತ್ತಾ? ಮಿನೆಸೋಟದ ಮೇಗನ್ ಗನ್ನರ್ ಮತ್ತು ಜೊತೆಗಾರರು ಕೆನಡಾಕ್ಕೆ ದತ್ತು ಹೋಗಿದ್ದ ರೊಮೇನಿಯಾದ ಮಕ್ಕಳನ್ನ, ದತ್ತಾಗಿ ಆರೂವರೆ ವರ್ಷದ ನಂತರ ಪರೀಕ್ಷಿಸಿ 2001ರಲ್ಲಿ ಬರೆದರು. ಎಂಟು ತಿಂಗಳಿಗಿಂತ ಹೆಚ್ಚು ಕಾಲ ಸಂಸ್ಥೆಯಲ್ಲಿದ್ದವರ ಕಾರ್ಟಿಸಾಲ್ ಬೇಗ ದತ್ತು ಹೋದ ಮಕ್ಕಳಿಗಿಂತ ದಿನವಿಡೀ ಹೆಚ್ಚಿತ್ತು. ಇವರಲ್ಲಿ ಏರಿಳಿತ ವಾಪಸ್ ಬಂದಿತ್ತು, ಇಡೀ ಬೆಟ್ಟವೇ ಎತ್ತರಕ್ಕೆ ಹೋಗಿತ್ತು. ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಎತ್ತರ. "ಕಾರ್ಟಿಸಾಲ್ ಇಳಿಸಿ" ಅನ್ನೋ ರೀಲ್ಸ್‌ನವರು ಇದಕ್ಕೆ ಯಾವ ಜ್ಯೂಸ್ ಹೇಳ್ತಾರೋ.

ಭಾಗ 6

ಈ ಭಾಗ ಬರೆಯೋಕೆ ಕಷ್ಟ ಆಯ್ತು.

ಹೊಸ ಶತಮಾನದ ಶುರುವಿನಲ್ಲಿ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಝೀನಾ ಅನ್ನೋ ಮೂವರು ಅಮೆರಿಕನ್ನರು ರಾಜಧಾನಿ ಬುಕಾರೆಸ್ಟ್‌ನಲ್ಲಿ ಒಂದು ಅಧ್ಯಯನ ಶುರು ಮಾಡಿದರು. ಆರು ಸಂಸ್ಥೆಗಳಿಂದ 136 ಮಕ್ಕಳು, ವಯಸ್ಸು 6ರಿಂದ 31 ತಿಂಗಳು. ಚೀಟಿ ಎತ್ತಿದ ಹಾಗೆ ಆಯ್ಕೆ. 68 ಮಕ್ಕಳು ಸಾಕು ಕುಟುಂಬಗಳಿಗೆ ಹೋದರು. ಉಳಿದ 68 ಮಕ್ಕಳು ಇದ್ದಲ್ಲೇ.

ಓದಿದ ತಕ್ಷಣ ನನಗೆ ಸಿಟ್ಟು ಬಂತು. ಹೊರಗೆ ತರೋದು ಒಳ್ಳೇದು ಅಂತ ಗೊತ್ತಿದ್ದೂ ಅರ್ಧ ಮಕ್ಕಳನ್ನ ಬಿಟ್ಟು ಬಂದ್ರಾ? ಅವರ ಉತ್ತರವನ್ನೂ ಹೇಳಬೇಕು. ಆಗ ಬುಕಾರೆಸ್ಟ್‌ನಲ್ಲಿ ಸಾಕು ಕುಟುಂಬ ಅನ್ನೋ ವ್ಯವಸ್ಥೆ ಇಲ್ಲ ಅನ್ನುವಷ್ಟು ಕಮ್ಮಿ. 56 ಮನೆಗಳನ್ನ ಹುಡುಕಿ, ತರಬೇತಿ ಕೊಟ್ಟು, ದುಡ್ಡು ಕೊಟ್ಟು ತಯಾರು ಮಾಡಿದ್ದೇ ಇವರು. ಇವರು ಬರದಿದ್ರೆ 136 ಮಕ್ಕಳೂ ಒಳಗೇ ಇರ್ತಿದ್ದರು. ಉಳಿದ 68ರಲ್ಲಿ ಯಾರಿಗಾದ್ರೂ ಮುಂದೆ ಮನೆ ಸಿಕ್ಕರೆ, ಹೆತ್ತವರೇ ಬಂದು ಕರೆದರೆ, ಅಧ್ಯಯನ ಅಡ್ಡ ಬರಲ್ಲ ಅನ್ನೋದು ನಿಯಮ. ಸಂಸ್ಥೆಯೇ ಒಳ್ಳೇದು ಅಂತ ನಂಬಿದ್ದ ಅಧಿಕಾರಿಗಳಿಗೆ ಸಾಕ್ಷಿ ಬೇಕಿತ್ತು. ಇದೆಲ್ಲ ಒಪ್ಪುತ್ತೀನಿ. ಆದರೂ ಆ ಎರಡನೇ 68 ಅನ್ನೋ ಸಂಖ್ಯೆ ನನಗೆ ಚುಚ್ಚುತ್ತೆ.

ಮಕ್ಕಳಿಗೆ 12 ವರ್ಷ ಆದಾಗ ಒಂದು ಪರೀಕ್ಷೆ. ಗುರುತಿಲ್ಲದವರ ಮುಂದೆ ನಿಂತು ಭಾಷಣ ಮಾಡಬೇಕು, ಲೆಕ್ಕ ಮಾಡಬೇಕು. ನಮ್ಮ ಸೆಮಿನಾರ್ ದಿನದ ಹಾಗೆ. ಮಾಮೂಲಿ ಮಕ್ಕಳಿಗೆ ಎದೆ ಬಡ್ಕೊಳ್ಳುತ್ತೆ, ಕಾರ್ಟಿಸಾಲ್ ಏರುತ್ತೆ. ಸಂಸ್ಥೆಯಲ್ಲೇ ಉಳಿಯೋ ಗುಂಪಿಗೆ ಸೇರಿದ್ದ ಮಕ್ಕಳಲ್ಲಿ ಅದು ಅಷ್ಟಾಗಿ ಏರಲಿಲ್ಲ. ಧೈರ್ಯವಂತರು ಅಂದ್ಕೋಬೇಡಿ. ಮೈ ಉತ್ತರ ಕೊಡೋದನ್ನೇ ಕಮ್ಮಿ ಮಾಡಿಬಿಟ್ಟಿತ್ತು. ಎರಡು ವರ್ಷ ತುಂಬೋ ಮೊದಲೇ ಸಾಕು ಮನೆಗೆ ಹೋದವರ ಕಾರ್ಟಿಸಾಲ್ ಮಾತ್ರ ಮನೆಯಲ್ಲೇ ಬೆಳೆದ ಮಕ್ಕಳ ಥರವೇ ಏರಿತ್ತು. 2015ರಲ್ಲಿ ಇದು ಪ್ರಕಟವಾಯಿತು.

ಅದಕ್ಕೂ ಮೊದಲೇ, 2004ರಲ್ಲಿ, ರೊಮೇನಿಯಾ ಕಾನೂನು ಬದಲಾಯಿಸಿತ್ತು. ಗಂಭೀರ ಅಂಗವೈಕಲ್ಯ ಇದ್ದವರನ್ನ ಬಿಟ್ಟು ಎರಡು ವರ್ಷದೊಳಗಿನ ಯಾವ ಮಗುವನ್ನೂ ಸಂಸ್ಥೆಗೆ ಹಾಕೋ ಹಾಗಿಲ್ಲ ಅಂತ ಆಗ ನಿಯಮ ಆಯ್ತು. ಆ ವಿನಾಯಿತಿ ಯಾಕೆ ಅಂತ ಮಾತ್ರ ನನಗೆ ಅರ್ಥ ಆಗಿಲ್ಲ. ಆ ಮಕ್ಕಳಿಗೆ ಎತ್ತಿಕೊಳ್ಳೋರು ಬೇಡವಾ?

ಭಾಗ 7

ಭಾಗ 5 ಹಾಕಿದ ರಾತ್ರಿ ಕ್ಲಾಸಿನ ಹುಡುಗಿ ಒಬ್ಬಳು ಮೆಸೇಜ್ ಮಾಡಿದ್ದಳು. "ನಮ್ಮಮ್ಮ ಗಾರ್ಮೆಂಟ್ಸ್‌ಗೆ ಹೋಗ್ತಿದ್ರು, ನಾನು ಮೂರು ವರ್ಷದ ತನಕ ಶಿಶುವಿಹಾರದಲ್ಲೇ ಇದ್ದೆ. ನಂದೂ ಹಾಳಾಗಿದೆಯಾ?" ಅವಳು ಅನುಮತಿ ಕೊಟ್ಟಿದ್ದಾಳೆ, ಅದಕ್ಕೆ ಇಲ್ಲಿ ಉತ್ತರ ಹಾಕ್ತಿದೀನಿ.

ಇಲ್ಲ ಕಣೇ. ಪೂರ್ತಿ ದಿನದ ಡೇ ಕೇರ್‌ಗಳಲ್ಲೂ ಗನ್ನರ್ ತಂಡದವರು ಅಳತೆ ಮಾಡಿದ್ದಾರೆ. ಪುಟ್ಟ ಮಕ್ಕಳಲ್ಲಿ ಅಲ್ಲಿರೋ ದಿನ ಮಧ್ಯಾಹ್ನದ ಹೊತ್ತಿಗೆ ಕಾರ್ಟಿಸಾಲ್ ಸ್ವಲ್ಪ ಏರೋದು ಕಂಡಿದೆ. ಅದೇ ಮಕ್ಕಳು ಮನೆಯಲ್ಲಿರೋ ದಿನ ಮಾಮೂಲಿಯಾಗಿ ಇಳೀತಿತ್ತು. ನೋಡಿಕೊಳ್ಳೋರು ಪ್ರೀತಿಯಿಂದ ಗಮನ ಕೊಟ್ಟರೆ ಆ ಏರಿಕೆಯೂ ಕಮ್ಮಿ. ಅಲ್ಲದೆ ನಿನಗೆ ಸಂಜೆ ಆರಕ್ಕೆ ಬಾಗಿಲಲ್ಲಿ ಒಂದು ಮುಖ ಕಾಣ್ತಿತ್ತು, ದಿನಾ ಅದೇ ಮುಖ. ಲೆಯಾಗನ್‌ನಲ್ಲಿ ಇರದಿದ್ದದ್ದು ಅದು. ಇದನ್ನ ಓದಿ ಯಾರಾದರೂ ಕೆಲಸಕ್ಕೆ ಹೋಗೋ ಅಮ್ಮಂದಿರ ಕಡೆ ಬೆರಳು ತೋರಿಸಿದ್ರೆ ಅವರು ಭಾಗ 3ನ್ನ ಸರಿಯಾಗಿ ಓದಿಲ್ಲ. ಅಲ್ಲಿ ಮಕ್ಕಳನ್ನ ಹೆರಿಸಿದ್ದು ಒಂದು ಕಾನೂನು, ಸಾಕೋಕಾಗದ ಹಾಗೆ ಮಾಡಿದ್ದು ಒಂದು ಸಾಲದ ಲೆಕ್ಕ.

ಬುಕಾರೆಸ್ಟ್‌ನ ಆ 136 ಜನ ಈಗ ಇಪ್ಪತ್ತೈದರ ಆಸುಪಾಸಿನವರು. ನಮ್ಮ ಅಣ್ಣ ಅಕ್ಕಂದಿರ ವಯಸ್ಸು.

ನಮ್ಮನೆ ಮಗುಗೆ ನಾಳೆಗೆ ಎರಡು ತಿಂಗಳು. ರಾತ್ರಿ ಎರಡರ ಆಟ ಇನ್ನೂ ನಿಂತಿಲ್ಲ. ಇವತ್ತಿನ ಪಾಳಿ ನಂದು.