ಯಾರ ಯಂತ್ರದಲ್ಲಿ ಬಿಲ್ಡ್ ಆಯಿತು?

ಕ್ಯಾಲಿಫೋರ್ನಿಯಾದಲ್ಲಿ ನಡುರಾತ್ರಿ ಆಗುವ ಹೊತ್ತಿಗೆ ಬೆಂಗಳೂರಿನಲ್ಲಿ ಮಧ್ಯಾಹ್ನದ ಊಟದ ಸಮಯ. ಹಾಗಾಗಿ ತಂತ್ರಾಂಶದವರು 'ನೈಟ್ಲಿ' ಎನ್ನುವ ಬಿಲ್ಡ್‌ಗೂ ನಮ್ಮ ರಾತ್ರಿಗೂ ಸಂಬಂಧ ಅಷ್ಟಕ್ಕಷ್ಟೇ. ಆದರೂ ಹೆಸರು ಉಳಿದುಕೊಂಡಿದೆ. ದಿನವಿಡೀ ಜನ ಕೋಡ್ ಬರೆದು ಒಂದು ಕಡೆ ಸೇರಿಸುತ್ತಾರೆ. ಅವರು ಮನೆಗೆ ಹೋದ ಮೇಲೆ ಖಾಲಿ ಬಿದ್ದ ಯಂತ್ರಗಳು ಅಷ್ಟನ್ನೂ ಮೊದಲಿನಿಂದ ಕಂಪೈಲ್ ಮಾಡಿ, ಪರೀಕ್ಷೆಗಳನ್ನು ಓಡಿಸಿ, ಬೆಳಿಗ್ಗೆ ಬಂದವರ ಮುಂದೆ ಫಲಿತಾಂಶ ಇಡುತ್ತವೆ. ಇದಕ್ಕೆ ಬೇಕಾದದ್ದು ಒಂದು ಶೆಲ್ ಸ್ಕ್ರಿಪ್ಟ್, ಕ್ರಾನ್‌ನಲ್ಲಿ ಒಂದು ಸಾಲು. ಆ ಮಟ್ಟಿಗೆ ಸಮಸ್ಯೆ 1990ರ ದಶಕದಲ್ಲೇ ಮುಗಿದಿತ್ತು. ಮುಕ್ತ ತಂತ್ರಾಂಶದವರನ್ನು ಅಂದಿನಿಂದ ಇಂದಿನವರೆಗೆ ಕಾಡುತ್ತಿರುವ ಪ್ರಶ್ನೆಗಳು ಬೇರೆ ಎರಡು: ಯಂತ್ರ ಯಾರದು, ಬಿಲ್ಡ್ ಮುರಿದರೆ ನೋಡುವವರು ಯಾರು?

ರೂಢಿ ಬೆಳೆದದ್ದು ಕಂಪನಿಗಳ ಒಳಗೆ. 1993ರಲ್ಲಿ ಹೊರಬಂದ ವಿಂಡೋಸ್ ಎನ್‌ಟಿಯನ್ನು ಡೇವ್ ಕಟ್ಲರ್ ಅವರ ತಂಡ ಕಟ್ಟುತ್ತಿದ್ದಾಗ ದಿನವೂ ಇಡೀ ವ್ಯವಸ್ಥೆಯನ್ನು ಬಿಲ್ಡ್ ಮಾಡಿ ತಾವೇ ಬಳಸುವ ಶಿಸ್ತು ಇತ್ತು. ಸ್ಟೀವ್ ಮ್ಯಾಕ್‌ಕಾನೆಲ್ 1996ರಲ್ಲಿ ಐಇಇಇ ಸಾಫ್ಟ್‌ವೇರ್ ಪತ್ರಿಕೆಯಲ್ಲಿ ದೈನಿಕ ಬಿಲ್ಡ್ ಬಗ್ಗೆ ಬರೆದ ಮೇಲೆ ಅದು ಎಲ್ಲರ ಬಾಯಲ್ಲೂ ಬಂತು. ಆದರೆ ಕಂಪನಿಗೆ ದುಡ್ಡಿದೆ, ಯಂತ್ರದ ಕೋಣೆಯಿದೆ, ಬಿಲ್ಡ್ ನೋಡಿಕೊಳ್ಳಲೆಂದೇ ಸಂಬಳದ ಜನ ಇದ್ದಾರೆ. ಅದೇ ಕಾಲದ ಮುಕ್ತ ತಂತ್ರಾಂಶಗಳು ಸೊಲಾರಿಸ್, ಎಚ್‌ಪಿ-ಯುಎಕ್ಸ್, ಎಐಎಕ್ಸ್, ಐರಿಕ್ಸ್, ಮೂರು ಬಗೆಯ ಬಿಎಸ್‌ಡಿ, ಲಿನಕ್ಸ್ ಎಲ್ಲದರ ಮೇಲೂ ನಡೆಯಬೇಕಿತ್ತು. ಬರೆಯುವವನ ಮೇಜಿನ ಮೇಲೆ ಇರುತ್ತಿದ್ದದ್ದು ಒಂದು ಪಿಸಿ.

ಒಂದು ಯಂತ್ರದಲ್ಲಿ ನಡೆದದ್ದು ಇನ್ನೊಂದರಲ್ಲಿ ಯಾಕೆ ನಡೆಯುವುದಿಲ್ಲ? ಸಿ ಭಾಷೆ ಕಲಿತವರಿಗೆಲ್ಲ ಗೊತ್ತಿರುವ ಉದಾಹರಣೆ ಒಂದಿದೆ. ಕಡತದಿಂದ ಒಂದೊಂದೇ ಅಕ್ಷರ ಓದುತ್ತಾ ಹೋಗಿ, ಕಡತ ಮುಗಿದದ್ದಕ್ಕೆ ಗುರುತಾಗಿ -1 ಬಂದಾಗ ನಿಲ್ಲುವ ಲೂಪ್ ಬರೆಯುತ್ತೇವೆ. ಓದಿದ ಬೆಲೆಯನ್ನು 'ಇಂಟ್' ಬದಲು ಅವಸರದಲ್ಲಿ 'ಚಾರ್' ಚರದಲ್ಲಿ ಇಟ್ಟರೆ ಇಂಟೆಲ್ ಪಿಸಿ ಸಾಮಾನ್ಯವಾಗಿ ಸುಮ್ಮನಿರುತ್ತದೆ, ಅಲ್ಲಿ ಚಾರ್ ಋಣ ಸಂಖ್ಯೆಗಳನ್ನೂ ಹಿಡಿಯುತ್ತದೆ. ಎಆರ್‌ಎಂ ಲಿನಕ್ಸ್‌ನಲ್ಲಿ ಚಾರ್ 0ರಿಂದ 255ರವರೆಗೆ ಮಾತ್ರ. -1 ಅಲ್ಲಿ 255 ಆಗಿ ಕೂರುತ್ತದೆ, ಹೋಲಿಕೆ ಎಂದೂ ನಿಜವಾಗುವುದಿಲ್ಲ, ಲೂಪ್ ನಿಲ್ಲುವುದೇ ಇಲ್ಲ. ಹಾಗೆಯೇ ನಾಲ್ಕು ಬೈಟಿನ ಸಂಖ್ಯೆಯನ್ನು ಬೆಸ ವಿಳಾಸದಿಂದ ಎತ್ತಿಕೊಂಡರೆ ಇಂಟೆಲ್ ಕ್ಷಮಿಸುತ್ತದೆ, ಸ್ಪಾರ್ಕ್ ಪ್ರೊಸೆಸರ್ ಪ್ರೋಗ್ರಾಮನ್ನು ಅಲ್ಲೇ ಕೊಲ್ಲುತ್ತದೆ. ಇಂಥ ತಪ್ಪುಗಳು ಕಣ್ಣೋಟಕ್ಕೆ ಸಿಗುವುದು ಕಷ್ಟ. ಆ ಯಂತ್ರದಲ್ಲೇ ಓಡಿಸಿ ನೋಡಬೇಕು.

1998ರ ಮಾರ್ಚ್ 31ರಂದು ನೆಟ್‌ಸ್ಕೇಪ್ ತನ್ನ ಬ್ರೌಸರಿನ ಕೋಡನ್ನು ಮೊಜಿಲ್ಲಾ ಹೆಸರಿನಲ್ಲಿ ಹೊರಗಿಟ್ಟಿತು. ಅದರ ಜೊತೆಯಲ್ಲೇ ಹೊರಗಿನವರ ಕಣ್ಣಿಗೆ ಬಿದ್ದ ಉಪಕರಣ ಟಿಂಡರ್‌ಬಾಕ್ಸ್. ಅದು ಒಂದು ದೊಡ್ಡ ಕೋಷ್ಟಕ. ಪ್ರತಿ ಯಂತ್ರಕ್ಕೂ ಒಂದು ಕಂಬ, ಹೊಸ ಬಿಲ್ಡ್ ಮೇಲೆ, ಹಳೆಯದು ಕೆಳಗೆ. ಪಾಸಾದರೆ ಹಸಿರು, ನಡೆಯುತ್ತಿದ್ದರೆ ಹಳದಿ, ಮುರಿದರೆ ಕೆಂಪು, ಜೊತೆಗೆ ಬೆಂಕಿಯ ಚಿತ್ರ. ಪಕ್ಕದಲ್ಲೇ ಆ ಹೊತ್ತಿನಲ್ಲಿ ಕೋಡ್ ಸೇರಿಸಿದವರ ಪಟ್ಟಿ. ಆ ಕಂಬದ ತಲೆಬರಹ 'ಗಿಲ್ಟಿ'. ಬೆಂಕಿ ಹತ್ತಿದಾಗ ಯಾರೂ ಹೊಸ ಕೋಡ್ ಸೇರಿಸುವಂತಿಲ್ಲ. ಸರದಿಯ ಮೇಲೆ ನೇಮಕವಾದ 'ಶೆರಿಫ್' ಒಬ್ಬರು ತಪ್ಪು ಯಾರದೆಂದು ಹುಡುಕಿ, ಸರಿಮಾಡಿಸಿ ಇಲ್ಲವೇ ಆ ಬದಲಾವಣೆಯನ್ನೇ ಕಿತ್ತುಹಾಕಿ ಬಾಗಿಲು ಮತ್ತೆ ತೆರೆಯುತ್ತಿದ್ದರು. ಬಿಲ್ಡ್ ಮಾಡುವುದನ್ನು ಆಗಲೇ ಬಹಳ ಜನ ಮಾಡುತ್ತಿದ್ದರು. ಮೊಜಿಲ್ಲಾದ ನಿಜವಾದ ಕೊಡುಗೆ, ನನ್ನ ಲೆಕ್ಕದಲ್ಲಿ, ಆ ಸಾರ್ವಜನಿಕ ಗೋಡೆ ಮತ್ತು ಕಾವಲಿನ ಸರದಿ. ತಪ್ಪಿತಸ್ಥರೆಂದು ಹೆಸರು ಹಾಕುವ ಒರಟುತನ ಇಂದು ಯಾರೂ ಸಹಿಸುವುದಿಲ್ಲ ಬಿಡಿ, ಆದರೆ ಮುರಿದದ್ದನ್ನು ಎಲ್ಲರೂ ನೋಡುತ್ತಿದ್ದಾರೆ ಎಂಬ ಒತ್ತಡವೇ ಅರ್ಧ ಕೆಲಸ ಮಾಡುತ್ತಿತ್ತು.

ಅದೇ ವರ್ಷ ಪರ್ಲ್ ಸಮುದಾಯದಲ್ಲಿ ಸಿಪ್ಯಾನ್ ಟೆಸ್ಟರ್ಸ್ ಶುರುವಾಯಿತು. ಯಾರೋ ಬರೆದ ಮಾಡ್ಯೂಲನ್ನು ಇನ್ಯಾರೋ ತಮ್ಮ ಯಂತ್ರದಲ್ಲಿ ಪರೀಕ್ಷಿಸಿ ವರದಿ ಕಳಿಸುವ ಪದ್ಧತಿ, ಇಂದಿಗೂ ನಡೆಯುತ್ತಿದೆ. ಡೆಬಿಯನ್ ಎಂಬ ಲಿನಕ್ಸ್ ವಿತರಣೆಯಲ್ಲಿ ನಿಧಾನದ ಎಂ68ಕೆ ಯಂತ್ರಗಳಲ್ಲಿ ಹಿಂದೆ ಬಿದ್ದ ಪ್ಯಾಕೇಜುಗಳನ್ನು ತಾನಾಗಿಯೇ ಬಿಲ್ಡ್ ಮಾಡಿಸಲು ಹುಟ್ಟಿದ ವ್ಯವಸ್ಥೆ ಎಷ್ಟು ಬೆಳೆಯಿತೆಂದರೆ, 2002ರ ಜುಲೈಯಲ್ಲಿ ಬಂದ ಅದರ 'ವುಡಿ' ಆವೃತ್ತಿ 11 ಬಗೆಯ ಪ್ರೊಸೆಸರುಗಳಿಗೆ ಒಟ್ಟಿಗೆ ಸಿದ್ಧವಾಗಿತ್ತು.

ಯಂತ್ರ ಯಾರದು ಎಂಬ ಪ್ರಶ್ನೆಗೆ ಅತ್ಯಂತ ಸೊಗಸಾದ ಉತ್ತರ ಬಂದದ್ದು ಯೂನಿಕ್ಸ್ ಮತ್ತು ವಿಂಡೋಸ್ ನಡುವೆ ಕಡತ ಹಂಚುವ ಸಾಂಬಾ ಮತ್ತು ಪೋಸ್ಟ್‌ಗ್ರೆಸ್‌ನಿಂದ. ಸಾಂಬಾದ ಆಂಡ್ರ್ಯೂ ಟ್ರಿಡ್ಜೆಲ್ ಕಟ್ಟಿದ ಬಿಲ್ಡ್ ಫಾರ್ಮ್‌ನಲ್ಲಿ ಸ್ವಯಂಸೇವಕರು ತಮ್ಮಲ್ಲಿದ್ದ ವಿಚಿತ್ರ ಯಂತ್ರಗಳ ಸ್ವಲ್ಪ ಹೊತ್ತನ್ನು ದಾನ ಮಾಡುತ್ತಿದ್ದರು. ಹೊರಗಿನವರಿಗೆ ಲಾಗಿನ್ ಕೊಡಬೇಕಿಲ್ಲ. ಅವರ ಯಂತ್ರವೇ ಸ್ಕ್ರಿಪ್ಟ್ ಓಡಿಸಿ, ಕೋಡ್ ಎಳೆದುಕೊಂಡು, ಬಿಲ್ಡ್ ಮಾಡಿ, ಲಾಗ್ ಕಳಿಸುತ್ತದೆ. 2004ರಲ್ಲಿ ಆಂಡ್ರ್ಯೂ ಡನ್‌ಸ್ಟನ್ ಇದೇ ಯೋಚನೆಯನ್ನು ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ತಂದರು. ಆಗ ಪೋಸ್ಟ್‌ಗ್ರೆಸ್ ಮೊದಲ ಸಲ ವಿಂಡೋಸ್ ಮೇಲೆ ನೇರವಾಗಿ ಓಡುವ 8.0 ಆವೃತ್ತಿಗೆ ತಯಾರಾಗುತ್ತಿತ್ತು. ಯೂನಿಕ್ಸ್ ಬಿಟ್ಟು ಬೇರೆ ತಿಳಿಯದ ಬಳಗಕ್ಕೆ ವಿಂಡೋಸಿನಲ್ಲಿ ಏನಾಗುತ್ತಿದೆ ಎಂದು ದಿನವೂ ಹೇಳುವವರು ಬೇಕಿತ್ತು.

ಪೋಸ್ಟ್‌ಗ್ರೆಸ್ ಫಾರ್ಮ್‌ಗೆ ಸೇರುವ ಪ್ರತಿ ಯಂತ್ರಕ್ಕೂ ಒಂದು ಪ್ರಾಣಿಯ ಹೆಸರು. ಹಾಗಾಗಿ ಅಭಿವೃದ್ಧಿಕಾರರ ಮಾತುಕತೆಯಲ್ಲಿ ಯಾವುದೋ ಹಕ್ಕಿ ಸಿಟ್ಟಾಗಿದೆ, ಯಾವುದೋ ತಿಮಿಂಗಿಲ ಎರಡು ದಿನದಿಂದ ಮಾತಾಡಿಲ್ಲ ಎಂಬಂಥ ವಾಕ್ಯಗಳು ಗಂಭೀರವಾಗಿಯೇ ಓಡಾಡುತ್ತವೆ. ಪೋಸ್ಟ್‌ಗ್ರೆಸ್‌ನ ಹಿರಿಯ ಟಾಮ್ ಲೇನ್ ಹಳೆಯ ಪವರ್‌ಪಿಸಿ ಮ್ಯಾಕ್ ಒಂದನ್ನು 'ಪ್ರೇರಿಡಾಗ್' ಎಂದು, ಎಚ್‌ಪಿ-ಯುಎಕ್ಸ್ ಓಡಿಸುವ ಎಚ್‌ಪಿ ಯಂತ್ರವೊಂದನ್ನು 'ಗೌರ್' ಎಂದು ವರ್ಷಗಟ್ಟಲೆ ಸಾಕಿದರು. ಗೌರ್ ಎಂದರೆ ನಮ್ಮ ಬಂಡೀಪುರ, ನಾಗರಹೊಳೆಯ ಕಾಟಿಯೇ. ಈ ಮುದಿ ಯಂತ್ರಗಳ ಉಪಯೋಗ ಅವುಗಳ ನಿಧಾನದಲ್ಲೇ ಇತ್ತು. ವೇಗದ ಯಂತ್ರದಲ್ಲಿ ಎರಡು ಪ್ರಕ್ರಿಯೆಗಳು ಎಂದೂ ಡಿಕ್ಕಿ ಹೊಡೆಯದಷ್ಟು ಸಣ್ಣ ಸಂದಿ, ನಿಧಾನದ ಯಂತ್ರದಲ್ಲಿ ಬಾಗಿಲಿನಷ್ಟು ಅಗಲವಾಗುತ್ತದೆ. ಪರೀಕ್ಷೆ ಅಲ್ಲಿ ಬೀಳುತ್ತದೆ, ಎಲ್ಲರೂ ಬೈದುಕೊಂಡೇ ನೋಡುತ್ತಾರೆ, ಕೊನೆಗೆ ಬಗ್ ನಿಜ ಎಂದು ಗೊತ್ತಾಗುತ್ತದೆ. ಪೋಸ್ಟ್‌ಗ್ರೆಸ್ 16ರ ಹೊತ್ತಿಗೆ ಎಚ್‌ಪಿ-ಯುಎಕ್ಸ್ ಬೆಂಬಲವನ್ನೇ ಕೈಬಿಟ್ಟರು. ಯಾರೂ ಸಾಕದ ವೇದಿಕೆಗೆ ಬೆಂಬಲ ಇದೆ ಎಂದು ಬರೆದುಕೊಳ್ಳುವುದು ಸುಳ್ಳು ಎಂಬ ಪ್ರಾಮಾಣಿಕತೆ ಅದರಲ್ಲಿದೆ.

ಇದಕ್ಕೆ ಸಮಾನಾಂತರವಾಗಿ, ಆದರೆ ಬೇರೆಯದೇ ಅಗತ್ಯದಿಂದ, ವೈದ್ಯಕೀಯ ಚಿತ್ರಗಳ ಲೋಕದಲ್ಲಿ ಡಾರ್ಟ್ ಎಂಬ ಬಿಲ್ಡ್-ಪರೀಕ್ಷೆಯ ವ್ಯವಸ್ಥೆ ಹುಟ್ಟಿತು. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ 1999ರಲ್ಲಿ ಐಟಿಕೆ ಎಂಬ ಚಿತ್ರ-ಸಂಸ್ಕರಣೆಯ ಲೈಬ್ರರಿಗೆ ಹಣ ಕೊಟ್ಟಾಗ ಹಲವು ವಿಶ್ವವಿದ್ಯಾಲಯಗಳು, ಕಂಪನಿಗಳು ಬೇರೆಬೇರೆ ಊರುಗಳಿಂದ ಒಂದೇ ಕೋಡ್ ಬರೆಯಬೇಕಾಯಿತು. ಜಿಇ ಸಂಶೋಧನಾ ಕೇಂದ್ರ ಮತ್ತು ಕಿಟ್‌ವೇರ್‌ನ ಜನ ರೂಪಿಸಿದ ಡಾರ್ಟ್, ಅದರ ನಂತರದ ಸಿಟೆಸ್ಟ್ ಮತ್ತು ಸಿಡ್ಯಾಶ್, ಒಂದು ಸೂಕ್ಷ್ಮವನ್ನು ಗಮನಿಸಿದವು. ನೂರು ಕಡೆ ನೂರು ಯಂತ್ರಗಳು ತಮ್ಮ ತಮ್ಮ ರಾತ್ರಿಯಲ್ಲಿ ಕೋಡ್ ಎಳೆದುಕೊಂಡರೆ ಪ್ರತಿಯೊಂದಕ್ಕೂ ಸಿಗುವ ಕೋಡ್ ಬೇರೆ. ಕೆಂಪಾದದ್ದು ವೇದಿಕೆಯ ಕಾರಣಕ್ಕೋ, ನಡುವೆ ಸೇರಿದ ಬದಲಾವಣೆಯ ಕಾರಣಕ್ಕೋ ಹೇಳಲಾಗದು. ಆದ್ದರಿಂದ 'ನೈಟ್ಲಿ ಆರಂಭ ಸಮಯ' ಎಂದು ಒಂದು ಘಳಿಗೆ ನಿಗದಿಮಾಡಿ, ಎಲ್ಲ ಯಂತ್ರಗಳೂ ಆ ಘಳಿಗೆಯಲ್ಲಿದ್ದ ಕೋಡನ್ನೇ ತೆಗೆದುಕೊಳ್ಳಬೇಕೆಂದರು. ಇನ್ನೊಂದು ತೊಡಕು ಚಿತ್ರಗಳದ್ದೇ. ದಶಮಾಂಶದ ಕೊನೆಯ ಅಂಕಿಗಳು ಪ್ರೊಸೆಸರಿನಿಂದ ಪ್ರೊಸೆಸರಿಗೆ ಬದಲಾಗುವುದರಿಂದ ಎಂಆರ್‌ಐ ಚಿತ್ರವನ್ನು ಶುದ್ಧಗೊಳಿಸಿದಾಗ ಕೆಲವು ಪಿಕ್ಸೆಲ್‌ಗಳು ಒಂದಿಷ್ಟು ಹೆಚ್ಚುಕಡಿಮೆ ಬರುತ್ತವೆ. ಎಷ್ಟರವರೆಗೆ ಹೆಚ್ಚುಕಡಿಮೆ ಆದರೆ ಸರಿ, ಎಲ್ಲಿಂದ ತಪ್ಪು ಎಂದು ಮನುಷ್ಯರೇ ತೀರ್ಮಾನಿಸಿ, ಒಂದೇ ಪರೀಕ್ಷೆಗೆ ಒಂದಕ್ಕಿಂತ ಹೆಚ್ಚು 'ಸರಿಯುತ್ತರ'ದ ಚಿತ್ರಗಳನ್ನು ಇಟ್ಟುಕೊಂಡರು. ರಾತ್ರಿ ಬಿಲ್ಡ್ ವಿಷಯದಲ್ಲಿ ಯೋಚಿಸಿ ಕಟ್ಟಿದ ವ್ಯವಸ್ಥೆ ಎಂದರೆ ಇದೇ ಎಂದು ನನಗನ್ನಿಸುತ್ತದೆ. ಮೊಜಿಲ್ಲಾದಷ್ಟು ಹೆಸರು ಇದಕ್ಕೆ ಬರಲಿಲ್ಲ, ಅಷ್ಟೆ.

ಬ್ರಯನ್ ವಾರ್ನರ್ 2003ರ ಪೈಥಾನ್ ಸಮ್ಮೇಳನ ಪೈಕಾನ್‌ನಲ್ಲಿ ಪರಿಚಯಿಸಿದ ಬಿಲ್ಡ್‌ಬಾಟ್, ಟಿಂಡರ್‌ಬಾಕ್ಸ್‌ನ ಗೋಡೆಯನ್ನು ಉಳಿಸಿಕೊಂಡು ಹಿಂದಿನ ಯಂತ್ರಾಂಗವನ್ನು ಪೈಥಾನ್‌ನಲ್ಲಿ ಹೊಸದಾಗಿ ಕಟ್ಟಿತು. ಪೈಥಾನ್, ವೆಬ್‌ಕಿಟ್, ಕ್ರೋಮಿಯಂ ಎಲ್ಲವೂ ಅದನ್ನು ಬಳಸಿದವು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಾಂಡರ್ ತಂಡ ತನ್ನ ಗ್ರಿಡ್ ಕಂಪ್ಯೂಟಿಂಗ್ ಅನುಭವದಿಂದ ಬಿಲ್ಡ್ ಪ್ರಯೋಗಾಲಯವನ್ನೇ ನಡೆಸಿತು. ಸೋರ್ಸ್‌ಫೋರ್ಜ್ ತನ್ನಲ್ಲಿದ್ದ ಯೋಜನೆಗಳಿಗೆಲ್ಲ ಉಚಿತ ಕಂಪೈಲ್ ಫಾರ್ಮ್ ಕೊಟ್ಟಿತ್ತು; ಒಂದು ಪಿಸಿಯ ಒಡೆಯರಾದವರಿಗೆ ಅದು ದೊಡ್ಡ ವರ. 2007ರಲ್ಲಿ ಅದನ್ನು ಮುಚ್ಚಿದರು.

ಅಷ್ಟರಲ್ಲಿ ರಾತ್ರಿಯೇ ಹಳತಾಗತೊಡಗಿತ್ತು. ಮಾರ್ಟಿನ್ ಫೌಲರ್ ಮತ್ತು ಮ್ಯಾಥ್ಯೂ ಫೋಮೆಲ್ 2000ದಲ್ಲಿ ಬರೆದ ಲೇಖನ ದಿನಕ್ಕೊಮ್ಮೆ ಸಾಲದು, ಪ್ರತಿ ಬದಲಾವಣೆಗೂ ಬಿಲ್ಡ್ ಬೇಕು ಎಂದು ವಾದಿಸಿತು. 2001ರ ಕ್ರೂಸ್‌ಕಂಟ್ರೋಲ್, ಸನ್ ಕಂಪನಿಯಲ್ಲಿದ್ದ ಕೊಹ್ಸುಕೆ ಕವಾಗುಚಿ ಬರೆದ ಹಡ್ಸನ್, ಒರಾಕಲ್ ಜೊತೆಗಿನ ಹೆಸರಿನ ಜಗಳದ ನಂತರ 2011ರಲ್ಲಿ ಅದೇ ಜೆಂಕಿನ್ಸ್ — ಈ ಬಿಲ್ಡ್ ಉಪಕರಣಗಳ ಸಾಲನ್ನು ಐಟಿಯವರಿಗೆ ಹೇಳಬೇಕಿಲ್ಲ. ಮುಖ್ಯ ತಿರುವು ಬಂದದ್ದು ರಸ್ಟ್ ಭಾಷೆಗಾಗಿ ಗ್ರೇಡನ್ ಹೋರ್ ಬರೆದ 'ಬೋರ್ಸ್'ನಂಥ ಬಾಟ್‌ಗಳಿಂದ. ಬದಲಾವಣೆಯನ್ನು ಮೊದಲು ಸೇರಿಸಿ ಆಮೇಲೆ ಪರೀಕ್ಷಿಸುವ ಬದಲು, ಸೇರಿಸಿದರೆ ಏನಾಗುತ್ತದೋ ಅದನ್ನು ಪಕ್ಕದಲ್ಲಿ ಬಿಲ್ಡ್ ಮಾಡಿ ನೋಡಿ, ಪಾಸಾದರೆ ಮಾತ್ರ ಬಾಟ್ ಒಳಗೆ ಬಿಡುತ್ತದೆ. ಬೆಂಕಿ ಹತ್ತುವ ಮೊದಲೇ ತಡೆದ ಮೇಲೆ ಶೆರಿಫ್‌ಗೆ ಕೆಲಸ ಕಡಿಮೆ.

2011ರಲ್ಲಿ ಬರ್ಲಿನ್‌ನಲ್ಲಿ ಶುರುವಾದ ಟ್ರಾವಿಸ್ ಸಿಐ ಮುಕ್ತ ತಂತ್ರಾಂಶಕ್ಕೆ ಉಚಿತವಾಗಿ ಯಂತ್ರ ಕೊಟ್ಟಿತು. ಗಿಟ್‌ಹಬ್ 2019ರ ನವೆಂಬರ್‌ನಲ್ಲಿ ತನ್ನ ಆ್ಯಕ್ಷನ್ಸ್ ಸೇವೆಯನ್ನು ಎಲ್ಲರಿಗೂ ತೆರೆಯಿತು. ಒಂದು ಕಡತದಲ್ಲಿ ಲಿನಕ್ಸ್, ವಿಂಡೋಸ್, ಮ್ಯಾಕ್ ಎಂದು ಮೂರು ಪದ ಬರೆದರೆ ಮೂರರಲ್ಲೂ ಬಿಲ್ಡ್. ಇದರ ಲಾಭ ನಮ್ಮ ಲಿಪಿಗೂ ಸಿಕ್ಕಿದೆ. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್‌ಗಳಲ್ಲಿ ಅಕ್ಷರ ಜೋಡಿಸುವ ಹಾರ್ಫ್‌ಬಝ್ ಎಂಬ ಲೈಬ್ರರಿಯ ಪರೀಕ್ಷೆಗಳಲ್ಲಿ ಕನ್ನಡಕ್ಕೆಂದೇ ಕೆಲವು ಇವೆ. ಯೂನಿಕೋಡ್ ಒಕ್ಕೂಟದ ಪರೀಕ್ಷಾ ಸಂಗ್ರಹದಿಂದ ತೆಗೆದುಕೊಂಡವು. ಎಲ್ಲೋ ಒಬ್ಬರು ಅರೇಬಿಕ್‌ಗಾಗಿ ಒಂದು ಸಾಲು ಬದಲಿಸಿದರೂ ಕನ್ನಡದ ಅಕ್ಷರಗಳು ನಿಗದಿತ ಜಾಗದಲ್ಲೇ ಕೂರುತ್ತಿವೆಯೇ ಎಂದು ಯಂತ್ರಗಳು ಮತ್ತೆ ಲೆಕ್ಕ ಹಾಕುತ್ತವೆ. ಒತ್ತಕ್ಷರ ಒಡೆದು ಬರುತ್ತಿದ್ದ ದಿನಗಳನ್ನು ಕಂಡವರಿಗೆ ಇದರ ಬೆಲೆ ಗೊತ್ತು.

ಆದರೆ ಈ ಸೌಕರ್ಯ ಇನ್ನೊಬ್ಬರ ಮರ್ಜಿಯ ಮೇಲೆ ನಿಂತಿದೆ. ಉಚಿತ ಯಂತ್ರಗಳಲ್ಲಿ ಬಿಲ್ಡ್ ನೆಪದಲ್ಲಿ ಕ್ರಿಪ್ಟೋ ನಾಣ್ಯ ಅಗೆಯುವವರು ನುಗ್ಗಿದರು. ಟ್ರಾವಿಸ್ 2020ರ ಕೊನೆಯಲ್ಲಿ ಉಚಿತ ಬಳಕೆಗೆ ಕಡಿವಾಣ ಹಾಕಿತು. ಗಿಟ್‌ಲ್ಯಾಬ್ 2021ರಲ್ಲಿ ಹೊಸಬರಿಂದ ಕ್ರೆಡಿಟ್ ಕಾರ್ಡ್ ಕೇಳತೊಡಗಿತು. ಸದ್ದಿಲ್ಲದೆ ಆದ ಇನ್ನೊಂದು ನಷ್ಟವೂ ಇದೆ: ಮೋಡದಲ್ಲಿ ಬಾಡಿಗೆಗೆ ಸಿಗುವುದಷ್ಟೇ 'ಎಲ್ಲ ವೇದಿಕೆ' ಎನಿಸಿಕೊಂಡಿತು. ಬೈಟ್ ಕ್ರಮ ತಿರುಗುಮುರುಗಾದ ಯಂತ್ರ ಬೇಕೆಂದರೆ ಇಂದು ಸುಲಭಕ್ಕೆ ಕಾಣುವುದು ಐಬಿಎಂನ ಮೇನ್‌ಫ್ರೇಮ್ ಒಂದೇ. ಇದಕ್ಕೆ ಪೈಥಾನ್‌ನವರು ಹಾಕಿಕೊಂಡ ನಿಯಮ ನನಗೆ ಇಷ್ಟ. ಅವರ ಪಿಇಪಿ 11 ದಾಖಲೆ ವೇದಿಕೆಗಳನ್ನು ಮೂರು ದರ್ಜೆಗಳಲ್ಲಿ ಇಟ್ಟಿದೆ. ನಂಬಿಕಸ್ಥ ಬಿಲ್ಡ್‌ಬಾಟ್ ಇಲ್ಲದಿದ್ದರೆ ಕೆಳಗಿನ ದರ್ಜೆಗೂ ಪ್ರವೇಶವಿಲ್ಲ. ಇನ್ನು ಲಿನಕ್ಸ್ ಕರ್ನಲ್‌ನಲ್ಲಿ ಸ್ಟೀಫನ್ ರಾಥ್‌ವೆಲ್ 2008ರಲ್ಲಿ ಶುರುಮಾಡಿದ ಲಿನಕ್ಸ್-ನೆಕ್ಸ್ಟ್, ಮುಂದಿನ ಆವೃತ್ತಿಗೆ ಸೇರಲಿರುವ ಕೋಡನ್ನೆಲ್ಲ ಕೆಲಸದ ದಿನಗಳಲ್ಲಿ ಕೂಡಿಸಿ ಹಲವು ಪ್ರೊಸೆಸರುಗಳಿಗೆ ಬಿಲ್ಡ್ ಮಾಡಿ ನೋಡುವ ರೂಢಿ ತಂದಿತು.

ನೋಡುವವರು ಯಾರು ಎಂಬ ಎರಡನೆಯ ಪ್ರಶ್ನೆ 2024ರ ಮಾರ್ಚ್‌ನಲ್ಲಿ ಜೋರಾಗಿಯೇ ಎದ್ದಿತು. ಎಕ್ಸ್‌ಝಡ್ ಎಂಬ ಸಂಕೋಚನ ಲೈಬ್ರರಿಯ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಇಡಲಾಗಿತ್ತು. ಇಟ್ಟವನು ಬಿಲ್ಡ್ ವ್ಯವಸ್ಥೆಗಳನ್ನು ಚೆನ್ನಾಗಿ ಬಲ್ಲವನು. ವಿಷದ ಕೋಡನ್ನು ಬಚ್ಚಿಟ್ಟದ್ದು ಪರೀಕ್ಷೆಗೆಂದು ಇಟ್ಟ, ಬೇಕೆಂದೇ ಕೆಡಿಸಿದ ಕಡತಗಳ ಒಳಗೆ. ಅದನ್ನು ಹೊರತೆಗೆಯುವ ಸ್ಕ್ರಿಪ್ಟ್ ಗಿಟ್‌ನಲ್ಲಿ ಇರಲೇ ಇಲ್ಲ, ಬಿಡುಗಡೆಯ ಟಾರ್ ಕಡತದಲ್ಲಿ ಮಾತ್ರ ಇತ್ತು. ಗಿಟ್‌ನಿಂದ ಎಳೆದು ಬಿಲ್ಡ್ ಮಾಡುವ ಯಂತ್ರಗಳೆಲ್ಲ ಹಸಿರು ತೋರಿಸುತ್ತಲೇ ಇದ್ದವು. ಆ ಸ್ಕ್ರಿಪ್ಟ್ ಕೂಡ 64 ಬಿಟ್ ಇಂಟೆಲ್ ಲಿನಕ್ಸ್‌ನಲ್ಲಿ ಡೆಬ್ ಅಥವಾ ಆರ್‌ಪಿಎಂ ಪ್ಯಾಕೇಜ್ ಕಟ್ಟುತ್ತಿದ್ದರಷ್ಟೇ ಎಚ್ಚರಗೊಳ್ಳುತ್ತಿತ್ತು. ಗೂಗಲ್‌ನ ಓಎಸ್‌ಎಸ್-ಫಝ್ ಎಂಬ ಸ್ವಯಂಚಾಲಿತ ಪರೀಕ್ಷೆಯಲ್ಲಿ ತನ್ನ ತಂತ್ರಕ್ಕೆ ಬೇಕಾದ ಸೌಲಭ್ಯವೊಂದನ್ನು ಆಫ್ ಮಾಡುವಂತೆ ಹಿಂದಿನ ವರ್ಷವೇ ಬದಲಾವಣೆ ಕಳಿಸಿದ್ದೂ ಹಿಂಬಾಗಿಲು ಇಟ್ಟವನ ಹೆಸರಿನಿಂದಲೇ.

ಇದನ್ನು ಹಿಡಿದವರು ಆಂಡ್ರೆಸ್ ಫ್ರಾಯಿಂಡ್, ಪೋಸ್ಟ್‌ಗ್ರೆಸ್‌ನ ಅಭಿವೃದ್ಧಿಕಾರ. ವೇಗ ಅಳೆಯುವ ಕೆಲಸದಲ್ಲಿದ್ದಾಗ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿರುವುದು, ಸಿಪಿಯು ವಿನಾಕಾರಣ ದುಡಿಯುತ್ತಿರುವುದು ಅವರ ಕಣ್ಣಿಗೆ ಬಿತ್ತು. ಕೆಲವು ವಾರಗಳ ಹಿಂದೆ ಪ್ಯಾಕೇಜುಗಳನ್ನು ಅಪ್‌ಡೇಟ್ ಮಾಡಿದ ಮೇಲೆ, ತಾವು ಪೋಸ್ಟ್‌ಗ್ರೆಸ್‌ಗಾಗಿ ಓಡಿಸುವ ಸ್ವಯಂಚಾಲಿತ ಪರೀಕ್ಷೆಗಳಲ್ಲಿ ವ್ಯಾಲ್‌ಗ್ರಿಂಡ್ ಎಂಬ ಮೆಮೊರಿ ತಪಾಸಣೆಯ ಉಪಕರಣ ಒಂದು ವಿಚಿತ್ರ ದೂರು ಕೊಟ್ಟಿದ್ದು ಆಗ ಅವರಿಗೆ ನೆನಪಾಯಿತು. ಎರಡನ್ನೂ ಕೂಡಿಸಿ ಬೆನ್ನುಹತ್ತಿ ಹೋದರು. ಮಾರ್ಚ್ 29ರಂದು ಅವರು ಸುದ್ದಿ ಹೊರಹಾಕುವಾಗ ಆ ಆವೃತ್ತಿ ಡೆಬಿಯನ್‌ನ ಪರೀಕ್ಷಾ ಕವಲುಗಳವರೆಗೆ ಬಂದಿತ್ತು, ಸ್ಥಿರ ಬಿಡುಗಡೆಗೆ ಇನ್ನೂ ಹೊಕ್ಕಿರಲಿಲ್ಲ.